ಮೂರು ದೋಣಿಗೆ ನೀರು ತುಂಬಿದ ದಿನ

"ಅಮ್ಮಾ, ನಾನು ನೀರಲ್ಲಿ ಆಡ್ಲಿಲ್ಲ. ಸುಮ್ನೆ ಕೂತಿದ್ದೆ, ಕಾಲುಚೀಲ ತಾನಾಗೇ ಒದ್ದೆ ಆಯ್ತು!"

ಗುಬ್ಬಿ ಹೀಗೆ ಹೇಳಿದಾಗಲೆಲ್ಲ ಅವಳ ತಾಯಿ ಗದರಿಸುತ್ತಿದ್ದಳು. ತಾಯಿ ಬಟ್ಟೆ ಹೊಲಿಯುವವಳು. ನದಿಯ ಎರಡೂ ದಡದವರಿಗೆ ಅವಳು ಹೊಲಿಗೆಯಮ್ಮ. ತಂದೆ ಅಂಬಿಗ. ಗುಬ್ಬಿಯೂ ಸೇರಿ ಏಳು ಮಕ್ಕಳನ್ನು ದಿನವೂ ತನ್ನ ಅಲ್ಯೂಮಿನಿಯಂ ದೋಣಿಯಲ್ಲಿ ಆಚೆ ದಡದ ಶಾಲೆಗೆ ಮುಟ್ಟಿಸುತ್ತಿದ್ದ. ಸಮುದ್ರ ಹತ್ತಿರವಾದ್ದರಿಂದ ಅಲ್ಲಿ ನದಿಯ ನೀರೂ ಉಪ್ಪು. ದೋಣಿಗೆ ನೀರು ಬರುವುದು, ಡಬ್ಬಿಯಲ್ಲಿ ಮೊಗೆದು ಚೆಲ್ಲುವುದು ಆ ಮನೆಯವರಿಗೆ ಹಲ್ಲುಜ್ಜಿದಷ್ಟೇ ಸಹಜವಾಗಿತ್ತು.

ರಜೆ ಮುಗಿದು ಶಾಲೆ ತೆರೆಯಲು ನಾಲ್ಕು ದಿನ ಉಳಿದಿತ್ತು. ಹಳೆಯದನ್ನು ಕೊಟ್ಟು ಬೇರೆ ದೋಣಿ ತರುವುದೆಂದು ಅಂಬಿಗ ತೀರ್ಮಾನಿಸಿದ.

"ಈ ಸಲ ವೆಲ್ಡಿಂಗ್ ದೋಣಿನೇ ಕಣೇ. ರಿವೆಟ್ಟೇ ಇಲ್ಲ ಅಂದ್ಮೇಲೆ ತೂತೆಲ್ಲಿ, ಸೋರೋದೆಲ್ಲಿ?"

"ಚಿಕ್ಕಮ್ಮನ್ನ ಒಂದು ಮಾತು ಕೇಳೋಣ ರೀ."

"ನಿಮ್ಮ ಚಿಕ್ಕಮ್ಮನ್ನ ಕೇಳೋಕೆ ಹೋದ್ರೆ ನನ್ನ ಗಂಟಲೇ ಕಿತ್ತೋಗುತ್ತೆ!"

ಚಿಕ್ಕಮ್ಮನಿಗೆ ಕಿವಿ ಮಂದ. ದೋಣಿ ಕಟ್ಟುವ ಶೆಡ್ಡಿನಲ್ಲಿ ಮೂವತ್ತು ವರ್ಷ ದುಡಿದವಳು ಅವಳು. ತಗಡುಗಳನ್ನು ಒಂದಕ್ಕೊಂದು ಜೋಡಿಸುವ ರಿವೆಟ್ ಮೊಳೆ ಹೊಡೆಯಲು ಇಬ್ಬರು ಬೇಕು. ಒಬ್ಬರು ಹೊರಗಿನಿಂದ ಸುತ್ತಿಗೆಯಲ್ಲಿ ಬಡಿದರೆ, ಇನ್ನೊಬ್ಬರು ದೋಣಿಯೊಳಗೆ ಕೂತು ಭಾರದ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಒಳಗೆ ಕೂರುತ್ತಿದ್ದವಳು ಅವಳು. ಆ ಸದ್ದಿಗೆ ಕಿವಿ ಹೋಯಿತು, ಕಣ್ಣು ಮಾತ್ರ ಚುರುಕಾಗಿಯೇ ಉಳಿಯಿತು.

ಆದರೂ ಮರುದಿನ ಬೆಳಿಗ್ಗೆ ಚಿಕ್ಕಮ್ಮನನ್ನೂ ಕರೆದುಕೊಂಡು ಮೂವರೂ ಹಳೆಯ ದೋಣಿಯನ್ನು ಗಾಡಿಯ ಮೇಲೆ ಹೇರಿಕೊಂಡು ದೋಣಿ ಅಂಗಡಿಗೆ ಹೋದರು. ಅಂಗಳದಲ್ಲಿ ಮರದ ದಿಮ್ಮಿಗಳ ಮೇಲೆ ನೀಲಿ ಬಣ್ಣದ ವೆಲ್ಡಿಂಗ್ ದೋಣಿಯೊಂದು ಮದುಮಗನ ಹಾಗೆ ಹೊಳೆಯುತ್ತಿತ್ತು. ಅಂಬಿಗ ಅದರ ಸುತ್ತ ಎರಡು ಸಲ ತಿರುಗಿದ.

"ಬರೀ ಒಂದು ವರ್ಷ ಓಡಿದೆ. ಕಣ್ಮುಚ್ಕೊಂಡು ತಗೊಳ್ಳಿ," ಎಂದ ಅಂಗಡಿಯ ಯಜಮಾನ.

"ಕಣ್ಣು ಬಿಟ್ಕೊಂಡೇ ತಗೋತೀವಿ," ಎಂದಳು ಚಿಕ್ಕಮ್ಮ. ಬೇಕಾದ ಮಾತು ಅವಳಿಗೆ ಹೇಗೋ ಕೇಳಿಸುತ್ತಿತ್ತು. "ಎರಡು ದೋಣಿಗೂ ಕಣಕಾಲು ಮುಳುಗೋಷ್ಟು ನೀರು ತುಂಬಿಸಿ. ಹಳೇದನ್ನೂ ದಿಮ್ಮಿ ಮೇಲಿಡಿ, ಅದು ಯಾಕೆ ಸೋರುತ್ತೆ ಅಂತ ಗೊತ್ತಾಗ್ಲಿ."

"ನೀರಿನ ಮೇಲೆ ದೋಣಿ ಬಿಡ್ತಾರೆ ಅತ್ತೆಯವರೇ, ದೋಣಿ ಒಳಗೆ ನೀರು ಬಿಡಲ್ಲ!" ಅಂಬಿಗ ನಕ್ಕ.

"ಒಳಗಿನ ನೀರು ಹೊರಗೆ ಬರೋ ದಾರಿಲೇ ಹೊರಗಿನ ನೀರು ಒಳಗೆ ಬರೋದು ಅಳಿಯಂದಿರೇ. ದಡದಲ್ಲಿ ನೋಡಿದ್ರೆ ಬಟ್ಟೆ ಒದ್ದೆ ಆಗುತ್ತೆ, ಅಷ್ಟೇ."

ಮೊದಲು ಹಳೆಯ ದೋಣಿಗೆ ನೀರು ತುಂಬಿಸಿದರು. ಅಡಿಯಲ್ಲಿ ಅಲ್ಲಲ್ಲಿ ಹನಿ ಮೂಡಿತು. ಚಿಕ್ಕಮ್ಮ ಒಂದೊಂದು ಹನಿಗೂ ಸೀಮೆಸುಣ್ಣದಿಂದ ಸುತ್ತು ಹಾಕುತ್ತ ಬಂದವಳು ನಡುವಿನ ಹಲಗೆಯ ಕೆಳಗೆ ನಿಂತುಬಿಟ್ಟಳು. ಅಲ್ಲಿ ರಿವೆಟ್ಟುಗಳ ಜಾಗದಲ್ಲಿ ಐದು ಹಳದಿ ಬೋಲ್ಟುಗಳಿದ್ದವು. ಸುತ್ತ ಬಿಳಿ ಪುಡಿ ಕಟ್ಟಿತ್ತು. ಅವಳು ಸ್ಕ್ರೂಡ್ರೈವರನ್ನು ಬೋಲ್ಟಿನ ಪಕ್ಕಕ್ಕೆ ಮೆಲ್ಲಗೆ ಒತ್ತಿದಳು.

ಅದು ಹಿಡಿಕೆಯವರೆಗೂ ಒಳಗೆ ಹೋಯಿತು.

ಹೊರಗೆಳೆದಾಗ ನೀರು ನಲ್ಲಿ ತಿರುಗಿಸಿದಂತೆ ಸುರಿಯಿತು. ಹೊಲಿಗೆಯಮ್ಮ ಬಗ್ಗಿ ನೋಡಿದಳು. ಅದು ಗುಬ್ಬಿ ಕಾಲಿಡುವ ಜಾಗ. ಮಗು ವರ್ಷವಿಡೀ ನಿಜವನ್ನೇ ಹೇಳಿತ್ತು, ತಾನು ವರ್ಷವಿಡೀ ಬೈದಿದ್ದಳು. ಏಳು ಮಕ್ಕಳ ಕಾಲಿಗೂ ನದಿಗೂ ನಡುವೆ ಇದ್ದದ್ದು ಹಪ್ಪಳದಂಥ ತಗಡು!

"ಹಿತ್ತಾಳೆ ಗಟ್ಟಿ ಅಂತ... ಹಳೇ ಪಂಪಿನ ಬೋಲ್ಟು... ನಾನೇ ಹಾಕಿದ್ದು," ಅಂಬಿಗನ ಮುಖ ಬಿಳಿಚಿಕೊಂಡಿತ್ತು.

"ಹಿತ್ತಾಳೆ ಗಟ್ಟಿನೇ. ಆದ್ರೆ ಉಪ್ಪುನೀರಲ್ಲಿ ಹಿತ್ತಾಳೆ, ತಾಮ್ರ ಅಲ್ಯೂಮಿನಿಯಂ ಪಕ್ಕ ಕೂತ್ರೆ ಅಲ್ಯೂಮಿನಿಯಂ ಕರಗಿ ಪುಡಿ ಆಗುತ್ತೆ. ಬರೀ ಕಬ್ಬಿಣದ ಬೋಲ್ಟೂ ಬೇಡ. ಅಲ್ಯೂಮಿನಿಯಂಗೆ ಅಲ್ಯೂಮಿನಿಯಂ ರಿವೆಟ್ಟೇ ಆಗ್ಬೇಕು." ಚಿಕ್ಕಮ್ಮ ಅವನ ಕೈಗೆ ತನ್ನ ನೀರಿನ ಬಾಟಲಿ ಕೊಟ್ಟಳು. "ಕುಡೀರಿ. ಮಕ್ಕಳು ನೆನೀಬಾರ್ದು ಅಂತ ತಾನೇ ಹಾಕಿದ್ದು? ನಮ್ಮ ಶೆಡ್ಡಲ್ಲೂ ತಿಳಿಯದೆ ಇದನ್ನೇ ಮಾಡಿದ್ವಿ, ಮೊದಮೊದಲು."

ಶೆಡ್ಡಿನಲ್ಲಿ ಹಾಗೆ ಎಂದೂ ನಡೆದಿರಲಿಲ್ಲವೆಂದು ಹೊಲಿಗೆಯಮ್ಮನಿಗೆ ಗೊತ್ತಿತ್ತು. ಅದು ಅವನ ಸಮಾಧಾನಕ್ಕೆ ಆಡಿದ ಮಾತು.

"ಅದಕ್ಕೇ ಹೇಳಿದ್ದು, ವೆಲ್ಡಿಂಗ್ ದೋಣಿ ತಗೊಳ್ಳೋಣ ಅಂತ," ಅಂಬಿಗ ಚೇತರಿಸಿಕೊಂಡು ನೀಲಿ ದೋಣಿಗೆ ತಾನೇ ಬಕೆಟ್ಟು ಬಕೆಟ್ಟು ನೀರು ಸುರಿದ. ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ಹಿಂಭಾಗದ ಮೂಲೆಯಲ್ಲಿ, ಇಂಜಿನ್ ತೂಗುಹಾಕುವ ಜಾಗದ ಕೆಳಗೆ, ಹೊಳೆಯುವ ಬಣ್ಣದ ಮೇಲೆ ಸಾಲಾಗಿ ಹನಿಗಳು ಕಂಡವು.

"ಬಿಸಿಲಿಗೆ ಬೆವರ್ತಿದೆ ಅಷ್ಟೇ," ಎಂದ ಯಜಮಾನ.

"ಬೆವರ್ತಿರೋದು ನೀವು," ಎಂದು ಚಿಕ್ಕಮ್ಮ ಬಣ್ಣವನ್ನು ಕೆರೆದಳು. ಬೆಸುಗೆಯ ಅಂಚಿನಲ್ಲೇ ಅಂಗೈ ಉದ್ದದ ಬಿರುಕು ಬಾಯಿ ಬಿಟ್ಟಿತು.

"ನಡುನೀರಲ್ಲಿ ಇದು ಬಿರಿದಿದ್ರೆ?" ಹೊಲಿಗೆಯಮ್ಮ ಬಿರುಕಿನ ಮೇಲೆ ಬೆರಳಾಡಿಸಿದಳು. "ಹಾಗಾದ್ರೆ ಯಾವ ದೋಣಿನೂ ನಂಬೋ ಹಾಗಿಲ್ವಾ ಚಿಕ್ಕಮ್ಮ?"

"ಎರಡೂ ಒಳ್ಳೇವೇ ಕಣಮ್ಮ. ನಿನ್ನ ಹೊಲಿಗೆ ಲೆಕ್ಕದಲ್ಲೇ ಹೇಳ್ತೀನಿ. ರಿವೆಟ್ಟು ಅಂದ್ರೆ ಗುಂಡಿ ಇದ್ದ ಹಾಗೆ. ಒಂದೊಂದಾಗಿ ಸಡಿಲ ಆಗುತ್ತೆ, ಕಿತ್ತು ಹೊಸದು ಹಾಕ್ಬಹುದು. ತಗಡು ತೆಳು, ದೋಣಿ ಹಗುರ. ವೆಲ್ಡಿಂಗಲ್ಲಿ ತಗಡು ದಪ್ಪ, ಕಲ್ಲಿಗೆ ಬಡಿದ್ರೂ ತಡ್ಕೊಳ್ಳುತ್ತೆ, ರಿವೆಟ್ಟಿನ ಕಾಟ ಇಲ್ಲ. ಆದ್ರೆ ಭಾರ, ಇಂಜಿನ್ನೂ ದೊಡ್ಡದು ಬೇಕು. ಬೆಸುಗೆ ಕೆಟ್ಟದಾಗಿದ್ರೆ ಬಟ್ಟೆ ಹರಿದ ಹಾಗೆ ಬಿರುಕು ಓಡುತ್ತೆ. ಅದನ್ನ ಸರಿಮಾಡೋಕೆ ಅಲ್ಯೂಮಿನಿಯಂ ಬೆಸುಗೆ ಬಲ್ಲವನೇ ಬೇಕು. ಈಗ ಹೇಳಿ ಅಳಿಯಂದಿರೇ, ನಿಮ್ಮ ದಡದಲ್ಲಿ ಕಲ್ಲಿದ್ಯಾ?"

"ಇಲ್ಲ, ಬರೀ ಕೆಸರು."

"ಅಲೆ?"

"ಜೋರಿಲ್ಲ. ಗಾಳಿ ಎದ್ರೆ ನಾನು ದೋಣಿ ಬಿಡೋದೇ ಇಲ್ಲ."

"ದಡಕ್ಕೆ ಎಳೆಯೋರು?"

"ನಾವಿಬ್ರೇ," ಎಂದಳು ಹೊಲಿಗೆಯಮ್ಮ. "ಇಂಜಿನ್ನೂ ಚಿಕ್ಕದು."

"ಹಾಗಾದ್ರೆ ನಮಗೆ ರಿವೆಟ್ಟಿಂದೇ ಸರಿ," ಎಂದು ಅಂಬಿಗ ತಾನಾಗಿಯೇ ಹೇಳಿದ.

ಮೂಲೆಯಲ್ಲಿ ಬಣ್ಣವಿಲ್ಲದ ರಿವೆಟ್ ದೋಣಿಯೊಂದಿತ್ತು. ಅದಕ್ಕೂ ನೀರು ತುಂಬಿದರು. ಅರ್ಧ ಗಂಟೆ ಕಾದರು. ಎರಡೇ ಕಡೆ ಹನಿ. ತಗಡು ಗಟ್ಟಿಯಿತ್ತು. ನೀರು ಚೆಲ್ಲಿ ಚಿಕ್ಕಮ್ಮ ಒಳಗೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿದು ಕೂತಳು, ಅಂಬಿಗ ಹೊರಗೆ ಬಡಿದು ಹೊಸ ರಿವೆಟ್ ಕೂರಿಸಿದ. ಮತ್ತೆ ನೀರು ತುಂಬಿದಾಗ ಅಡಿ ಒಣಗಿಯೇ ಇತ್ತು.

ಹೊರಡುವಾಗ ಯಜಮಾನ ಹಳೆಯ ದೋಣಿಯತ್ತ ಕೈ ತೋರಿಸಿದ. "ಅದನ್ನ ಬಿಟ್ಟು ಹೋಗಿ. ಪುಟ್ಟಿ ಮೆತ್ತಿ, ಎರಡು ಕೈ ಬಣ್ಣ ಹೊಡೆದ್ರೆ ಯಾರಾದ್ರೂ ತಗೋತಾರೆ. ನಿಮ್ಮ ದೋಣಿ ಬೆಲೆಲೂ ಅಷ್ಟು ಕಡಿಮೆ ಮಾಡ್ತೀನಿ."

ಹೊಲಿಗೆಯಮ್ಮ ಗಂಡನ ಮುಖ ನೋಡಿದಳು. ಕೈಯಲ್ಲಿ ಹೆಚ್ಚಿಗೆ ಏನೂ ಇರಲಿಲ್ಲ; ಆ ರಿಯಾಯಿತಿ ಅವರಿಗೆ ಬೇಕಾಗಿತ್ತು. ಅಂಬಿಗ ಗೋಡೆಗೆ ಒರಗಿಸಿದ್ದ ಕೊಡಲಿ ತೆಗೆದುಕೊಂಡು ಹಳೆಯ ದೋಣಿಯ ಅಡಿಗೆ ಬೀಸಿದ. ಮೂರೇ ಏಟು. ತಲೆ ತೂರುವಷ್ಟು ದೊಡ್ಡ ತೂತು ಬಿತ್ತು.

"ಏನ್ರೀ ಇದು!" ಯಜಮಾನ ಹೌಹಾರಿದ.

"ಇನ್ನೊಬ್ಬರ ಮಕ್ಕಳು ಇದ್ರಲ್ಲಿ ಕೂರೋದು ಬೇಡ," ಎಂದ ಅಂಬಿಗ. "ಗುಜರಿಗೆ ಹಾಕ್ಕೊಳ್ಳಿ."

ಹೊಲಿಗೆಯಮ್ಮ ಅವನ ಕೈಯಿಂದ ಕೊಡಲಿ ಇಸಿದುಕೊಂಡು ಪಕ್ಕಕ್ಕಿಟ್ಟು, ನೀಲಿ ದೋಣಿಯ ಬಿರುಕಿನ ಸುತ್ತ ಚಿಕ್ಕಮ್ಮನ ಸೀಮೆಸುಣ್ಣದಲ್ಲಿ ಎಲ್ಲರಿಗೂ ಕಾಣುವಷ್ಟು ದೊಡ್ಡ ಗುರುತು ಹಾಕಿದಳು. ಯಜಮಾನ ಅದನ್ನು ಅಳಿಸಲು ಹೋಗಲಿಲ್ಲ.

ಓದುತ್ತಿರುವ, ಕೇಳುತ್ತಿರುವ ನನ್ನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ದೋಣಿಯ ಹಲಗೆಯನ್ನು ಇವತ್ತೇ ಎತ್ತಿ ನೋಡಿ. ಬಿಳಿ ಪುಡಿ ಕಂಡರೆ, ಬೆಸುಗೆಯ ಪಕ್ಕ ಕೂದಲೆಳೆಯಷ್ಟು ಗೆರೆ ಕಂಡರೆ, ತಿಳಿದವರಿಗೆ ತೋರಿಸುವವರೆಗೂ ಅದನ್ನು ನೀರಿಗಿಳಿಸಬೇಡಿ. ಹೊಸದು ಕೊಳ್ಳುವಾಗ ಅಂಗಡಿಯವನ ಮಾತಿಗಿಂತ ಮೊದಲು ನಿಮ್ಮ ದಡ, ನಿಮ್ಮ ಅಲೆ, ಎಳೆಯುವ ನಿಮ್ಮ ತೋಳು ನೆನಪಾಗಲಿ. ದಿಮ್ಮಿಯ ಮೇಲಿಟ್ಟು ನೀರು ತುಂಬಿಸಿ, ಅರ್ಧ ಗಂಟೆ ಕಾಯಿರಿ. ಕಾಯಲು ಬೇಸರವಾದರೆ, ಆ ದೋಣಿಯಲ್ಲಿ ಯಾರು ಯಾರು ಕೂರುತ್ತಾರೆಂದು ಒಬ್ಬೊಬ್ಬರ ಹೆಸರನ್ನೂ ಮನಸ್ಸಿನಲ್ಲೇ ಹೇಳಿಕೊಳ್ಳಿ.