ಕೊಟ್ರಯ್ಯನನ್ನು ಕೂರಿಸಿದ್ದು

"ಎಳೀರಿ. ಇನ್ನೊಂದ್ ಸಲ ಜೋರಾಗಿ ಎಳೀರಿ," ಎಂದ ರೇವಣಸಿದ್ದಯ್ಯ.

ಸತ್ತ ತಮ್ಮನ ತೊಡೆಗಳ ಮೇಲೆ ಅವನು ಎರಡೂ ಮೊಣಕಾಲೂರಿ ಕೂತಿದ್ದ. ತಲೆಯ ಕಡೆ ನಿಂತಿದ್ದ ಇಬ್ಬರು ಹೆಣದ ಕಂಕುಳಲ್ಲಿ ಕೈ ತೂರಿಸಿ ಮೇಲಕ್ಕೆ ಜಗ್ಗಿದರು. ಕೊಟ್ರಯ್ಯನ ತಲೆ ಗೇಣುದ್ದ ಎದ್ದಿತು, ಸೊಂಟ ಮಾತ್ರ ಜಪ್ಪಯ್ಯ ಎಂದರೂ ಬಾಗಲಿಲ್ಲ. ಮತ್ತೆ ಜಗ್ಗಿದಾಗ ಒಳಗೆಲ್ಲೋ ಲಟಕ್ಕೆಂದಿತು. ಬಾಗಿಲಲ್ಲಿ ನಿಂತಿದ್ದ ಹೆಂಗಸರು ಮುಖ ತಿರುಗಿಸಿಕೊಂಡರು.

ಅಡುಗೆಮನೆಯಿಂದ ಬಿಸಿನೀರಿನ ಚೊಂಬು ಹಿಡಿದು ಬರುತ್ತಿದ್ದ ಕೊಟ್ರಯ್ಯನ ಹೆಂಡತಿ ಹಂಪಮ್ಮನಿಗೆ ಆ ಸದ್ದು ಕೇಳಿತು. ನೇರ ಬಂದವಳೇ ಚೊಂಬಿನಿಂದ ಭಾವನ ಹೆಗಲಿಗೆ ಬಲವಾಗಿ ಹೊಡೆದಳು. ನೀರು ಅವನ ಬೆನ್ನಮೇಲೆಲ್ಲ ಚೆಲ್ಲಿ ನೆಲಕ್ಕೆ ಹರಿಯಿತು.

"ಕೈ ತಗೀರಿ," ಎಂದಳು. "ಎಲ್ಲಾರೂ ಕೈ ತಗೀರಿ."

"ತಲಿ ಕೆಟ್ಟೈತೇನು ನಿನಗ?" ರೇವಣಸಿದ್ದಯ್ಯ ಉರಿಯುವ ಹೆಗಲು ಹಿಡಿದುಕೊಂಡು ಎದ್ದ. "ಕುಂದ್ರಸದs ಹ್ಯಾಂಗ ಮಣ್ಣು ಮಾಡೋದು? ಮಠದ ಅಯ್ಯನೋರು ಹೊರಗ ಕಾಯಾಕತ್ತಾರ. ಹೊತ್ತು ಮುಳುಗೋದ್ರೊಳಗ ಮುಗೀಬೇಕು."

ಅವನ ಮಾತು ಸುಳ್ಳಲ್ಲ. ಅವರ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಉಸಿರು ನಿಂತ ಕೂಡಲೇ, ಮೈ ಬೆಚ್ಚಗಿರುವಾಗಲೇ ಕಾಲು ಮಡಿಸಿ, ಗೋಡೆಗೆ ಒರಗಿಸಿ, ಬಟ್ಟೆಯಿಂದ ಕಟ್ಟಿ ಕೂರಿಸಬೇಕು. ಕೂತಂತೆಯೇ ಮೆರವಣಿಗೆ, ಕೂತಂತೆಯೇ ಸಮಾಧಿ. ಚಿತ್ತವಾಡ್ಗಿಯ ಆ ಓಣಿಯಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತು. ಹಂಪಮ್ಮನಿಗೆ ಗೊತ್ತಿರಲಿಲ್ಲವೆ?

ಗೊತ್ತಿತ್ತು. ಆದರೆ ಅವಳು ಗಂಡ ನಿದ್ದೆ ಮಾಡುತ್ತಿದ್ದಾನೆ ಅಂದುಕೊಂಡಳು. ವರ್ಷಗಟ್ಟಲೆ ನರಳದೆ ಒಂದು ರಾತ್ರಿ ಕಳೆಯದ ಮನುಷ್ಯ ಅಂದು ಬೆಳಗ್ಗೆ ಪಡಸಾಲೆಯ ನೆಲದ ಮೇಲೆ ಅಂಗಾತ ಮಲಗಿದ್ದ, ಮುಖದಲ್ಲಿ ಒಂದು ಗೆರೆಯಿಲ್ಲ. ಹಂಪಮ್ಮನಿಗೆ ಸಂತೋಷವಾಯಿತು. ಬೆಕ್ಕನ್ನು ಓಡಿಸಿದಳು. ರೇಡಿಯೋ ಹಚ್ಚಿದ ಪಕ್ಕದ ಮನೆಯ ಮುದುಕಿ ಪಂಪಮ್ಮನಿಗೆ, "ಸಣ್ಣಗ ಮಾಡಬೇ, ನಮ್ಮೋರು ಮಲಗ್ಯಾರ," ಅಂದಳು. ಹಿತ್ತಲಿನಲ್ಲಿ ಪಾತ್ರೆಗಳನ್ನು ಸದ್ದಾಗದಂತೆ ತೊಳೆದಳು. ಬಿಸಿಲು ಮುಖಕ್ಕೆ ಬಿದ್ದರೂ ಅವನು ಮಗ್ಗುಲಾಗಲಿಲ್ಲ. ಆಗ ಮುಟ್ಟಿ ನೋಡಿದಳು. ಮೈ ಹಲಗೆಯಾಗಿತ್ತು.

ಈಗ ಆ ತಪ್ಪಿಗೆ ಶಿಕ್ಷೆ ಅವನ ಬೆನ್ನಿಗೆ. ಕೊಟ್ರಯ್ಯ ಜೀವಂತ ಇದ್ದಾಗ ಹೆದರಿದ್ದು ಇದೊಂದಕ್ಕೇ. "ಸತ್ತ ಮ್ಯಾಲೆ ನನ್ನ ಕುಂದ್ರಸ್ತಾರಲ್ಲೇ," ಎಂದು ಎಷ್ಟೋ ಸಲ ಅಂದಿದ್ದ. "ಜಗ್ಗಾಡಬ್ಯಾಡ್ರಂತ ಹೇಳು. ಆವಾಗೂ ನೋಯ್ತದ ನನಗ." ಅವಳು ಆಗಲಿ ಅಂದಿದ್ದಳು.

*

ಕೊಟ್ರಯ್ಯನ ಬೆನ್ನು ಹೋದದ್ದು ಸಂಡೂರಿನ ರಸ್ತೆಯಲ್ಲಿ. ಚೀನಾದವರು ನಮ್ಮ ಕಬ್ಬಿಣದ ಅದಿರಿನ ಮಣ್ಣಿಗೆ ಬಾಯಿ ತೆರೆದ ವರ್ಷಗಳು ಅವು. ಗುಡ್ಡ ಅಗೆದು ತುಂಬಿದ ಲಾರಿಗಳು ಹಗಲಿಲ್ಲ, ರಾತ್ರಿಯಿಲ್ಲ, ಇರುವೆ ಸಾಲಿನಂತೆ ಇಳಿಯುತ್ತಿದ್ದವು. ಒಂದಕ್ಕಿಂತ ಇನ್ನೊಂದು ಮುಂದೆ ಹೋಗಬೇಕು, ಇನ್ನೊಂದು ಟ್ರಿಪ್ಪು ಹೊಡೆಯಬೇಕು. ಗುಂಡಿ ತಪ್ಪಿಸುವವನು ಹೇಡಿ. ಆಗ ಲಾರಿ ಡ್ರೈವರ್ ಆಗಿದ್ದ ಕೊಟ್ರಯ್ಯ, ತಾನು ಹೇಡಿಯಲ್ಲ ಎಂದು ತೋರಿಸಲು ಪ್ರತಿ ಗುಂಡಿಯನ್ನೂ ಬೆನ್ನುಮೂಳೆಯ ಮೇಲೇ ತೆಗೆದುಕೊಂಡ.

ಒಂದು ದಿನ ಲಾರಿಯಿಂದ ಇಳಿಯಲಾಗಲಿಲ್ಲ. ಕ್ಲೀನರ್ ಆಗಿದ್ದ ಬಂಡ್ರಿಯ ಓಬಳಪ್ಪ ಅವನನ್ನು ಕೂಸಿನಂತೆ ಎತ್ತಿ ಇಳಿಸಿದ. ಅಂದಿನಿಂದ ಕೊಟ್ರಯ್ಯನಿಗೆ ಕೂತರೆ ಸೊಂಟದಿಂದ ಹಿಮ್ಮಡಿಯವರೆಗೆ ಕಾದ ಸರಳು ಎಳೆದಂತೆ. ನಿಂತೇ ಉಂಡ. ಅಂಗೈಯಲ್ಲಿ ಲಿಂಗ ಹಿಡಿದು ನಿಂತೇ ಪೂಜೆ ಮಾಡಿದ. ಓಣಿಯವರು 'ನಿಂತಯ್ಯ' ಎಂದು ಹೆಸರಿಟ್ಟರು.

ಮುಲಾಮು, ಇಂಜೆಕ್ಷನ್, ಬಳ್ಳಾರಿಯ ಡಾಕ್ಟರು ಕೊಟ್ಟ ಉಕ್ಕಿನ ಪಟ್ಟಿಯ ಬೆಲ್ಟು ಎಲ್ಲ ಆಯಿತು. ಆಮೇಲೆ ರೇವಣಸಿದ್ದಯ್ಯ ತಮ್ಮನನ್ನು ಕಂಪ್ಲಿಯ ಆಚೆ ಒಂದು ಹಳ್ಳಿಗೆ, ಬರೆ ಹಾಕುವವನ ಹತ್ತಿರ ಕರೆದುಕೊಂಡು ಹೋದ. ಹಂಪಮ್ಮನೂ ಹೋಗಿದ್ದಳು. ಕೊಟ್ರಯ್ಯನನ್ನು ಬೋರಲು ಮಲಗಿಸಿ, ಅಣ್ಣನೇ ಅವನ ತೊಡೆಗಳ ಮೇಲೆ ಮೊಣಕಾಲೂರಿ ಕೂತ. ಕೆಂಪಗೆ ಕಾದ ಕುಡುಗೋಲಿನ ತುದಿ ಸೊಂಟಕ್ಕೆ ತಾಗಿದಾಗ ಎದ್ದ ವಾಸನೆಗೆ ಅವಳು ಅಲ್ಲೇ ವಾಂತಿ ಮಾಡಿಕೊಂಡಳು. ನೋವು ಹೋಗಲಿಲ್ಲ, ಗಾಯ ಕೀವಾಯಿತು.

ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ. ಆ ಮನೆಯಲ್ಲಿ ಸಿಟ್ಟು ಅವನದು, ದವಡೆ ಹಂಪಮ್ಮನದು. ಸಾರು ತಣ್ಣಗಾದರೆ ಏಟು, ಬಾಗಿಲು ಧಡಕ್ಕೆಂದರೆ ಏಟು. ಒಂದು ಮಧ್ಯಾಹ್ನ ಅವಳು ಮರೆತು ತಟ್ಟೆಯನ್ನು ಗೂಡಿನಲ್ಲಿಡದೆ ನೆಲದ ಮೇಲಿಟ್ಟಳು. ಅವನು ಬಗ್ಗಬೇಕಾಯಿತು. ಗೋಡೆಗೆ ತೂಗುಹಾಕಿದ್ದ ಬೆನ್ನಿನ ಬೆಲ್ಟನ್ನೇ ಕಿತ್ತುಕೊಂಡು, ಉಕ್ಕಿನ ಪಟ್ಟಿ ತಾಗುವಂತೆ ಬಾರಿಸಿದ. ಅವಳ ಹುಬ್ಬು ಸೀಳಿತು. ಮತ್ತೆ ಬೀಸುವಾಗ ಸೊಂಟ ಹಿಡಿದುಕೊಂಡು ಅವನೇ ಮುಖ ಕೆಳಗಾಗಿ ಬಿದ್ದ.

ಹಂಪಮ್ಮ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಒದ್ದರೆ ಉಳುಕು ಬಿಡುತ್ತದೆ ಎಂದು ತವರಿನಲ್ಲಿ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಆದರೆ ಹೆಂಡತಿಯ ಕಾಲು ಗಂಡನ ಮೈಗೆ ತಾಗಬಾರದೆಂದು ಅತ್ತೆ ಮೊದಲೇ ಕಟ್ಟು ಹಾಕಿದ್ದಳು. ಅತ್ತೆ ಸತ್ತರೂ ಆ ಕಟ್ಟು ಸತ್ತಿರಲಿಲ್ಲ. ಆ ಮಧ್ಯಾಹ್ನ ಕಣ್ಣಿಗೆ ರಕ್ತ ಇಳಿಯುತ್ತಿರುವಾಗ ಹಂಪಮ್ಮ ಕಾಲೆತ್ತಿ ಅವನ ಸೊಂಟಕ್ಕೆ ಒದ್ದಳು. ಮದ್ದೆಂದು ಒದ್ದದ್ದಲ್ಲ. ಸಾಯಲಿ ಎಂದೇ ಒದ್ದಳು. ಮತ್ತೆ ಮತ್ತೆ ಒದ್ದಳು.

ಅವನು ಒಂದೇ ಸಲ ಚೀರಿದ. ಆಮೇಲೆ ನೆಲಕ್ಕೆ ಹತ್ತಿದ ಬಾಯಲ್ಲೇ, "ಇನ್ನಷ್ಟು ಕೆಳಗ," ಎಂದ.

ಅವಳು ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತಳು.

ಹುಬ್ಬಿಗೆ ಹೊಲಿಗೆ ಹಾಕಿಸಲು ಹೋದ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಶೈಲಜಾ ಎಂಬ ಹುಡುಗಿ ಇದ್ದಳು. ವಿಷಯ ಕೇಳಿ ಇಬ್ಬರಿಗೂ ಬೈದಳು. "ನೀವು ಇನ್ನೊಮ್ಮೆ ಕೈ ಎತ್ತಿದ್ರ ಪೊಲೀಸ್ರಿಗೆ ನಾನs ಹೇಳ್ತೀನಿ. ನೀವು ಇನ್ನೊಮ್ಮೆ ಒದ್ರ ಇವ್ರು ಜೀವನಪೂರ್ತಿ ಕುಂಟ್ತಾರ," ಎಂದಳು. ಬೋರಲು ಮಲಗಿ ಎದೆ ಎತ್ತುವುದನ್ನು ಕಲಿಸಿದಳು. ದಿನಾ ನಡೆಯಲು, ಉಪ್ಪಿನ ಗಂಟು ಕಾಸಿ ಇಡಲು ಹೇಳಿದಳು. "ಕಾಲಿಂದ ಒತ್ತಿದ್ರ ಹಿತ ಅಂತಾರಲ್ಲ, ಒತ್ರಿ. ಎಲುಬಿನ ಮ್ಯಾಲೆ ಬ್ಯಾಡ, ಪಕ್ಕದಾಗ, ನಿಧಾನ. ಅವ್ರು ಉಸರು ಬಿಟ್ಟಾಗ ಮಾತ್ರ."

ಸಂಜೆ ಬಾಗಿಲು ಹಾಕಿಕೊಂಡು ಹಂಪಮ್ಮ ಗೋಡೆ ಹಿಡಿದು, ಅವನ ಸೊಂಟದ ಪಕ್ಕ ಹಿಮ್ಮಡಿಯೂರಿ, "ಉಸರು ಬಿಡ್ರಿ," ಅನ್ನುವಳು. ಅವನು ಬಿಡುವನು. ಅವನು ಮತ್ತೆ ಕೈ ಎತ್ತಲೇ ಇಲ್ಲ ಅಂದರೆ ಕತೆ ಚೆಂದ ಕಾಣುತ್ತದೆ. ಎತ್ತಿದ. ಆದರೆ ನೋವು ಇಳಿದಂತೆ ಕೈಯೂ ಇಳಿಯಿತು. ಬೆಳಗ್ಗೆ ಕಾಲುವೆ ದಂಡೆಯ ಮೇಲೆ ನಡೆದ. ರೈಲ್ವೆ ಸೈಡಿಂಗ್‌ನಲ್ಲಿ ಕೆಂಪು ಬಾವುಟ ಹಿಡಿದು ಅದಿರು ಲಾರಿಗಳನ್ನು ಹಿಂದಕ್ಕೆ ತೆಗೆಸುವ, ನಿಂತು ಮಾಡುವ ಕೆಲಸ ಸಿಕ್ಕಿತು. ಕೂರುವುದು ಮಾತ್ರ ಕೊನೆಯವರೆಗೂ ಆಗಲಿಲ್ಲ.

*

"ಓಬಳಪ್ಪ," ಎಂದು ಹಂಪಮ್ಮ ಕರೆದಳು. ಈಗ ತಾನೂ ಡ್ರೈವರ್ ಆಗಿದ್ದ ಓಬಳಪ್ಪ ಲಾರಿಯನ್ನು ರಸ್ತೆಯಲ್ಲೇ ಬಿಟ್ಟು ಬಂದು, ಅಂಗಳದ ಕೆಂಪು ಧೂಳಿನಲ್ಲಿ ನಿಂತಿದ್ದ. "ನಿನ್ನ ಉಸ್ತಾದನ ಹೆಗಲು ಹಿಡಕೋ ಬಾ. ನಾ ಹೇಳಿದಷ್ಟs ಎತ್ತು."

"ಅಂವ ನಮ್ಮ ಜನ ಅಲ್ಲ, ಒಳಗ ಬರೋದು ಬ್ಯಾಡ," ಎಂದಿತು ಯಾವುದೋ ದನಿ.

"ಲಾರಿಯಿಂದ ಇಳಿಸಿದಾಂವ ಇವನs. ಆವತ್ತು ನೀವ್ಯಾರೂ ಇರಲಿಲ್ಲ," ಎಂದಳು ಹಂಪಮ್ಮ. ಓಬಳಪ್ಪ ಒಳಗೆ ಬಂದ.

ಬಿಸಿನೀರಲ್ಲಿ ಅದ್ದಿದ ಬಟ್ಟೆಗಳನ್ನು ಅವಳು ಗಂಡನ ಸೊಂಟ, ತೊಡೆ, ಮೊಣಕಾಲುಗಳಿಗೆ ಸುತ್ತಿದಳು. ಆರಿದ್ದನ್ನು ತೆಗೆದು ಬಿಸಿಯದನ್ನು ಸುತ್ತಿದಳು. ಎಣ್ಣೆ ಹಚ್ಚಿ ಕೀಲುಗಳನ್ನು ನೀವುತ್ತ ಹೋದಳು. ಪಂಪಮ್ಮ ಅಂಗಳದ ಒಲೆಯ ಮುಂದೆ ಕೂತು ಕೊಡಗಟ್ಟಲೆ ನೀರು ಕಾಸಿಕೊಟ್ಟಳು. ಮೊದಲು ಒಂದು ಮೊಣಕಾಲು ಸಡಿಲವಾಯಿತು. ಬಹಳ ಹೊತ್ತಿಗೆ ಇನ್ನೊಂದು. ಹೊರಗೆ ಅಯ್ಯನವರು ಎರಡು ಸಲ ಕೆಮ್ಮಿದರು.

ಸೊಂಟದ ಸರದಿ ಬಂದಾಗ ಹಂಪಮ್ಮ ಎದ್ದು ಅಂಗಳಕ್ಕಿಳಿದು ಮತ್ತೊಂದು ಕೊಡ ತಂದಳು. ಒದ್ದೆ ಪಾದಕ್ಕೆ ಧೂಳು ಮೆತ್ತಿ ಕೆಂಪಗಾಗಿತ್ತು. ಓಬಳಪ್ಪ ಹೆಗಲನ್ನು ತುಸುವೇ ಎತ್ತಿದ್ದ. ಅವಳು ಹೆಣದ ಹಿಂದೆ ನೆಲದ ಮೇಲೆ ಕೂತು, ಬಟ್ಟೆ ಬಿಚ್ಚಿ ಒರೆಸಿ ವಿಭೂತಿ ಬಳಿದಿದ್ದ ಬೆನ್ನಿಗೆ, ಸೊಂಟದ ಪಕ್ಕ, ಬಲಗಾಲು ಊರಿದಳು.

"ಏ!" ಎಂದ ರೇವಣಸಿದ್ದಯ್ಯ. "ಗಂಡನ ಹೆಣಕ್ಕ ಕಾಲು ಹಚ್ಚತೀಯೇನಲೇ?"

ಹೊಡೆಯಲು ಕೈ ಎತ್ತಿಕೊಂಡು ನುಗ್ಗಿದ. ಹೆಗಲು ಹಿಡಿದಿದ್ದ ಓಬಳಪ್ಪ ಒಂದು ಕೈ ಬಿಡಿಸಿ ಆ ಕೈಯ ಮಣಿಕಟ್ಟನ್ನು ಹಿಡಿದು, ನೋವಾಗುವಂತೆ ತಿರುಚಿದ. "ಸುಮ್ಕಿರ್ರಿ ಅಯ್ಯಾರ," ಎಂದ ಮೆಲ್ಲಗೆ. "ಮುರದ್ ಬಿಡ್ತೀನಿ."

ಹಂಪಮ್ಮ ಇಬ್ಬರ ಕಡೆಯೂ ನೋಡಲಿಲ್ಲ. ಅವಳ ಗಮನವೆಲ್ಲ ಹಿಮ್ಮಡಿಯಲ್ಲಿತ್ತು. ದಿನಾ ಅನ್ನುವ ಮಾತು ಬಾಯಿಗೆ ತಾನಾಗಿ ಬಂತು.

"ಉಸರು ಬಿಡ್ರಿ," ಎಂದಳು.

ಅವಳು ಕಾಯುತ್ತಿದ್ದಳು. ಕಾದದ್ದು ಯಾವುದಕ್ಕೆಂದು ಅವಳಿಗೇ ತಿಳಿದಾಗ ಗಂಟಲಿನಿಂದ ಒಂದು ಸದ್ದು ಹೊರಟಿತು. ಆಮೇಲೆ ತಾನೇ ಉದ್ದಕ್ಕೆ ಉಸಿರು ಬಿಟ್ಟಳು, ಬಿಡುತ್ತ ಒತ್ತಿದಳು. ಮತ್ತೆ ಎಳೆದುಕೊಂಡಳು, ಬಿಟ್ಟಳು, ಒತ್ತಿದಳು. ಇಬ್ಬರ ಉಸಿರನ್ನೂ ಅವಳೊಬ್ಬಳೇ ಬಿಡಬೇಕಿತ್ತು.

ರೇವಣಸಿದ್ದಯ್ಯನ ತಿರುಚಿದ ಕೈ ಸಡಿಲಾಗಿ ಜೋತುಬಿತ್ತು. ಅವನು ನೋಡುತ್ತಿದ್ದದ್ದು ಅವಳ ಪಾದವನ್ನಲ್ಲ. ಪಾದದ ಪಕ್ಕದಲ್ಲಿದ್ದ ಹಳೆಯ ಬರೆಗಳನ್ನು.

"ಆವತ್ತೂ ಹಿಡಕೊಂಡಾಂವ ನಾನs," ಎಂದ. ಅವನು ಮುಂದೆ ಬಂದು ತಮ್ಮನ ಇನ್ನೊಂದು ಹೆಗಲಿಗೆ ಕೈ ಕೊಟ್ಟ. "ಎಷ್ಟು ಎತ್ತಲಿ, ಹೇಳವ್ವ."

"ಬೆರಳಷ್ಟು, ಭಾವಾರ. ಅವಸರ ಬ್ಯಾಡ."

ಬಿಸಿಲು ಅಂಗಳದಿಂದ ಗೋಡೆಗೆ ಏರುವ ಹೊತ್ತಿಗೆ ಕೊಟ್ರಯ್ಯ ಕೂತ.

*

ರುದ್ರಭೂಮಿಯಲ್ಲಿ, ಹೊತ್ತು ತಂದ ಹೂವಿನ ವಿಮಾನದಿಂದ ಅವನನ್ನು ಇಳಿಸಿದರು. ಕುಣಿಯೊಳಗೆ ಮೊದಲೇ ಇಳಿದು ನಿಂತಿದ್ದ ರೇವಣಸಿದ್ದಯ್ಯ ತಮ್ಮನನ್ನು ಎದೆಗವಚಿಕೊಂಡು ಮೆಲ್ಲಗೆ ಕೂರಿಸಿದ. ಲಾರಿಗಳ ಸದ್ದು ದೂರದ ರಸ್ತೆಯಿಂದ ಬಿಡದೆ ಕೇಳುತ್ತಿತ್ತು. ಕೊಟ್ರಯ್ಯ ಮುಖ ಕಿವುಚದೆ, ಯಾರನ್ನೂ ಬೈಯದೆ, ನೆಟ್ಟಗೆ ಕೂತಿದ್ದ. ಮೇಲೆ ನಿಂತಿದ್ದ ಹಂಪಮ್ಮ ಅವನು ಕೂತದ್ದನ್ನು ಕಣ್ತುಂಬ ನೋಡಿದಳು.

ಕ್ರಿಯೆಯಂತೆ ಶಾಲು ತೆಗೆದರು. ಬೆನ್ನಿನ ಬಿಳಿ ವಿಭೂತಿಯ ಮೇಲೆ ಒಂದು ಸಣ್ಣ ಕೆಂಪು ಹೆಜ್ಜೆ, ಐದೂ ಬೆರಳಿನ ಸಮೇತ, ಒಣಗಿ ನಿಂತಿತ್ತು.

"ಅದೇನದು? ಒರಸ್ರಿ," ಎಂದರು ಯಾರೋ.

ರೇವಣಸಿದ್ದಯ್ಯ ಹೆಗಲ ಮೇಲಿನ ಟವೆಲ್ಲು ತೆಗೆದ. ಒರೆಸಲಿಲ್ಲ. ಅದನ್ನು ಮಡಿಸಿ ತಮ್ಮನ ಸೊಂಟಕ್ಕೂ ಮಣ್ಣಿನ ಗೋಡೆಗೂ ನಡುವೆ, ಹೆಜ್ಜೆಗೆ ತಾಗದಂತೆ, ಮೆತ್ತೆಯಾಗಿ ಇಟ್ಟು ಮೇಲೆ ಬಂದ.

ಅಯ್ಯನವರು ಕುಣಿಯ ಅಂಚಿಗೆ ಬಂದು ಆ ಹೆಜ್ಜೆಯನ್ನು ನೋಡಿದರು. ಆಮೇಲೆ ಪಾವುಗೆ ಕಳಚಿ ಕುಣಿಯ ಮೆಟ್ಟಿಲಿಳಿದು, ಸತ್ತ ಎಲ್ಲರಿಗೂ ಮಾಡುವಂತೆ, ಮಂತ್ರ ಹೇಳುತ್ತ, ತಮ್ಮ ಬಲಗಾಲನ್ನು ಕೊಟ್ರಯ್ಯನ ತಲೆಯ ಮೇಲಿಟ್ಟರು.