ಅಜ್ಜನ ದಂಡು, ಮೊಮ್ಮಗನ ದಂಡು

ಸಾಬಮ್ಮನಿಗೆ ಗಂಡನ ಮೇಲೆ ಸಂಶಯ ಬಂದದ್ದು ಇನ್ನೊಬ್ಬ ಹೆಂಗಸಿನ ದೆಸೆಯಿಂದಲ್ಲ. ಹಾಗಿದ್ದಿದ್ದರೆ ಜೋಗುಪಾಳ್ಯದ ನಲ್ಲಿಯ ಮುಂದೆ ಹೇಳಿಕೊಂಡು ಅತ್ತು, ನಾಲ್ಕು ಜನ ಸೇರಿ ಅವನಿಗೆ ಬೈದು, ಅಂತೂ ಒಂದು ದಾರಿಯಾಗುತ್ತಿತ್ತು. ಇದು ಅದಕ್ಕಿಂತ ಕೆಟ್ಟದ್ದು. ಅವಳು ಕಟ್ಟಿದ ಹಾಡಿನ ಪದಗಳನ್ನು ಗಂಡ ಹುಲಿಗೆಪ್ಪ ಎದುರು ಮೇಳಕ್ಕೆ ಮುಟ್ಟಿಸುತ್ತಿದ್ದಾನೆ ಎಂಬುದು ಅವಳ ಗುಮಾನಿ.

ತೊಂಬತ್ತೆಂಟನೇ ಇಸವಿಯ ಮಾತು. ದೇವದುರ್ಗದ ಕಡೆಯಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬಂದವರು ರೊಟ್ಟಿ ಹಂಚಿನ ಜೊತೆಗೆ ಗೀಗೀ ಪದಗಳನ್ನೂ ಹೊತ್ತು ತಂದಿದ್ದರು. ಜೋಗುಪಾಳ್ಯದ ಶೀಟಿನ ಕೋಣೆಗಳಲ್ಲಿ ಒಂದು ಮೇಳ, ಕೆ.ಆರ್. ಪುರದಲ್ಲಿ ಇನ್ನೊಂದು. ಅಮಾವಾಸ್ಯೆಯ ದಿನ ಯಾವ ಮೇಸ್ತ್ರಿಯೂ ಮೋಲ್ಡು ಹಾಕಿಸುವುದಿಲ್ಲ, ಕೆಲಸಕ್ಕೆ ರಜೆ. ವರ್ಷಕ್ಕೊಮ್ಮೆ ಬನದ ಅಮಾವಾಸ್ಯೆಯ ಮಧ್ಯಾಹ್ನ ಈ ಎರಡು ಮೇಳಗಳು ಎದುರುಬದುರು ಕುಳಿತು ಸವಾಲು ಜವಾಬು ಹಾಡುತ್ತಿದ್ದವು. ಒಬ್ಬರು ಪದದಲ್ಲಿ ಪ್ರಶ್ನೆ ಹಾಕಬೇಕು, ಇನ್ನೊಬ್ಬರು ನಿಂತ ನಿಲುವಿನಲ್ಲೇ ಪದ ಕಟ್ಟಿ ಉತ್ತರ ಕೊಡಬೇಕು. ಜೋಗುಪಾಳ್ಯದ ಮೇಳಕ್ಕೆ ಸಾಬಮ್ಮನೇ ಮುಂದಿನ ಹಾಡುಗಾರ್ತಿ. ಅವಳ ಬೆನ್ನ ಹಿಂದೆ ಕುಳಿತು ಡಪ್ಪು ಬಾರಿಸುವವನು ಹುಲಿಗೆಪ್ಪ.

ಜೀವನ್ ಬಿಮಾ ನಗರದ ಮನೆಗಳಲ್ಲಿ ಅವಳು ಬರೀ ಕೆಲಸದವಳು. ಅಲ್ಲಿಯ ಅಮ್ಮಂದಿರಿಗೆ ಅವಳ ಹೆಸರೂ ಸರಿಯಾಗಿ ಬಾರದು. ಆದರೆ ಆ ಒಂದು ಮಧ್ಯಾಹ್ನ ಅವಳು ಎದ್ದು ನಿಂತು ಕಿವಿಗೆ ಕೈ ಹಚ್ಚಿದಳೆಂದರೆ ಗಂಡಸರು ಬಾಯೊಳಗಿನ ಎಲೆಯಡಿಕೆ ಜಗಿಯುವುದನ್ನೂ ಮರೆಯುತ್ತಿದ್ದರು. ಆ ಮಧ್ಯಾಹ್ನವನ್ನು ಯಾರಾದರೂ ಮಾರಿಕೊಂಡರೆ ಅವಳ ಹೊಟ್ಟೆ ಉರಿಯದೆ ಇರುತ್ತದೆಯೆ?

ಹೋದ ವರ್ಷ ಅವಳು ಸೋತಿದ್ದಳು. ಸೋತದ್ದಕ್ಕಿಂತ ಸೋತ ರೀತಿ ಅವಳಿಗೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಮನೆಯಲ್ಲೇ ಕೂತು ಮಾಡಿಕೊಂಡಿದ್ದ ಸವಾಲನ್ನು ಅವಳು ಹಾಕಿ ಮುಗಿಸುವ ಮೊದಲೇ ಕೆ.ಆರ್. ಪುರದ ಮೇಳದ ಮುದುಕ ಸಾಯಬಣ್ಣ ಮೀಸೆ ಸವರಿಕೊಂಡು ಜವಾಬಿಗೆ ಎದ್ದು ನಿಂತಿದ್ದ. ಅಷ್ಟು ಬೇಗ ಯಾರಿಗೆ ಹೊಳೆಯುತ್ತದೆ? ಬೆಂಕಿ ಇಲ್ಲದೆ ಹೊಗೆ ಆಡುವುದುಂಟೆ?

ಸಾಲದ್ದಕ್ಕೆ ಆ ಸಾಯಬಣ್ಣ ಮೇಸ್ತ್ರಿ ಬೇರೆ. ಇಂದಿರಾನಗರದ ಕೆಲಸ ನಿಂತ ಮೇಲೆ ಹುಲಿಗೆಪ್ಪ ಅವನ ಸೈಟಿನಲ್ಲೇ ಸೆಂಟ್ರಿಂಗ್ ಹಲಗೆ ಹೊಡೆಯಲು ಹೋಗುತ್ತಿದ್ದ. ಪೈಪೋಟಿಗೆ ಕೂಡುವ ಮೇಳದವರು ಎದುರು ಮೇಳದವರ ಕೈಯಿಂದ ಒಂದು ಲೋಟ ನೀರನ್ನೂ ಕುಡಿಯಬಾರದು ಎಂಬುದು ಹಿರಿಯರು ಹಾಕಿದ ಕಟ್ಟು. ಇವನು ದಿನವೂ ಅವನ ಪಕ್ಕದಲ್ಲಿ ಕೂತು ಚಹಾ ಕುಡಿದು ಬರುತ್ತಿದ್ದ.

"ನಾಚ್ಕಿ ಬರಂಗಿಲ್ಲೇನ್ರೀ ನಿಮಗ?" ಎಂದು ಅವಳು ಒಮ್ಮೆ ಕೇಳಿಯೇ ಬಿಟ್ಟಳು.

"ಸಿಮೆಂಟಿಗೆ ಯಾವ ಮೇಳ ಏ ಹುಚ್ಚಿ?" ಎಂದು ಹುಲಿಗೆಪ್ಪ ನಕ್ಕ. "ಕೆಲ್ಸ ಕೊಟ್ಟವ ಚಹಾನೂ ಕೊಡ್ತಾನ. ಬ್ಯಾಡ ಅನ್ಲೇನು?"

ಆ ನಗುವೇ ಅವಳಿಗೆ ಸರಿಬರಲಿಲ್ಲ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗೆ ಅವನು ಕೆಮ್ಮಿದರೂ ಅವಳಿಗೆ ಅದರಲ್ಲೊಂದು ಗುಟ್ಟು ಕೇಳಿಸುತ್ತಿತ್ತು.

ಹೋದ ವರ್ಷದ ಹಾಗೆ ಈ ವರ್ಷದ ಪೈಪೋಟಿಗೂ ಹಿರಿಯರು ಕೊಟ್ಟ ವಿಷಯ ಮುಗಿಲಗಡದ ಕಥೆಯದೇ. ದೇವದುರ್ಗದ ಸೀಮೆಯಲ್ಲಿ ಈ ಕಥೆ ಗೊತ್ತಿಲ್ಲದ ಮಗುವಿಲ್ಲ. ಪೂರ್ತಿ ಗೊತ್ತಿರುವ ಮುದುಕನೂ ಇಲ್ಲ. ಮುಗಿಲಗಡದ ಅಜ್ಜ ರಾಜನ ದಂಡಿನಲ್ಲಿ ಮಿಂಚು ಮೇಯುವ ಕುದುರೆಗಳಿದ್ದವು, ಕರೆದರೆ ಎದ್ದು ಬರುವ ಗುಡ್ಡಗಳಿದ್ದವು, ಕಾಮನಬಿಲ್ಲಿಗೆ ಹೆದೆ ಏರಿಸುವ ಬೇಡರಿದ್ದರು. ಅವನು ಕತ್ತಲನಾಡಿನ ರಕ್ಕಸರನ್ನು ಕಡಲಿನ ಆಚೆಗೆ ಅಟ್ಟಿದ. ಅವನ ಮೊಮ್ಮಗನ ಕಾಲಕ್ಕೆ ಆ ಪವಾಡಗಳೆಲ್ಲ ತೀರಿಹೋಗಿ, ಉಳಿದದ್ದು ಕಬ್ಬಿಣ, ಕವಣೆ, ಹೊಲ ಬಿಟ್ಟು ಬಂದ ಒಕ್ಕಲು ಮಕ್ಕಳು. ಅವನೂ, ತಿರುಗಿ ಬಂದ ಅದೇ ರಕ್ಕಸರನ್ನು ಗೆದ್ದ. ಹಾಗಾದರೆ ಈ ಎರಡು ದಂಡು ಒಂದೇ ಬಯಲಲ್ಲಿ ಎದುರಾದರೆ ಗೆಲ್ಲುವವರು ಯಾರು? ಅಜ್ಜನ ಪಕ್ಷ ಸಾಬಮ್ಮನಿಗೆ ಬಂತು, ಮೊಮ್ಮಗನ ಪಕ್ಷ ಸಾಯಬಣ್ಣನಿಗೆ.

ಜೋಗುಪಾಳ್ಯದ ನಲ್ಲಿಯ ಸುತ್ತ ಇದೇ ಮಾತಾಯಿತು. ಪಕ್ಕದ ಕೋಣೆಯ ಇಮಾಮ್ ಬೀ ಮೇಳದಲ್ಲಿ ತಾಳ ಹಾಕುವವಳು, ಸಾಬಮ್ಮನದೇ ಊರಿನವಳು, ಬಾಯಿ ಜೋರು.

"ಅಜ್ಜನ ಕುದುರಿ ಮಿಂಚು ಮೇಯ್ತಾವ ಖರೇ," ಎಂದಳು ಕೊಡ ತೊಳೆಯುತ್ತ. "ಮಿಂಚು ಮಳಿಗಾಲದಾಗಷ್ಟೇ ಸಿಗ್ತದವ್ವ. ಬ್ಯಾಸಿಗ್ಯಾಗ ದಂಡೆತ್ತಿ ಬಂದ್ರ ಅಜ್ಜ ಏನ್ ಮಾಡ್ಯಾನು? ಮೊಮ್ಮಗನ ಕುದುರಿ ಒಣಾ ಹುಲ್ಲು ತಿಂದು ಓಡ್ತಾವ."

"ಅಜ್ಜನ ದಂಡಿನಾಗ ಎಲ್ಲಾರೂ ವೀರರೇ," ಎಂದು ಹುಲಿಗೆಪ್ಪ ಹೊಸ್ತಿಲಲ್ಲಿ ಬೀಡಿ ಹಚ್ಚುತ್ತ ಸೇರಿಸಿದ. "ಗಂಜಿ ಕಾಸೋರು ಯಾರು ಮತ್ತ?"

ಎಲ್ಲರೂ ನಕ್ಕರು. ಸಾಬಮ್ಮ ಮಾತ್ರ ನಗಲಿಲ್ಲ. ತಾನು ಹಾಡಬೇಕಾದದ್ದು ಅಜ್ಜನ ಪಕ್ಷ, ಇವನು ಮೊಮ್ಮಗನ ಪಕ್ಷ ವಹಿಸಿ ಮಾತಾಡುತ್ತಾನಲ್ಲ! ಇದು ಸಾಯಬಣ್ಣನ ಚಹಾದ ಮಾತಲ್ಲದೆ ಮತ್ತೇನು?

ಅವತ್ತೇ ಅವಳು ಬಲೆ ಹೆಣೆಯಲು ನಿಶ್ಚಯಿಸಿದಳು. ಕಥೆಯಲ್ಲಿ ಯಾರೂ ಕೇಳಿರದ ಒಂದು ಸಂಗತಿಯನ್ನು ತಾನೇ ಹುಟ್ಟಿಸಬೇಕು. ಅದನ್ನು ಗಂಡನೊಬ್ಬನಿಗೇ ಹೇಳಬೇಕು. ಸಾಯಬಣ್ಣನ ಬಾಯಲ್ಲಿ ಅದರ ಉತ್ತರ ಬಂತೆಂದರೆ ಕಳ್ಳ ಸಿಕ್ಕ ಹಾಗೆ.

ಬೇಕೆಂದಾಗ ಹೊಳೆಯದ ಪದ, ಅಜ್ಜನ ದಂಡಿಗೆ ಮರಳಿನ ಆನೆಗಳನ್ನು ತರುವ ಪದ, ಆ ದಿನ ಹಿಟ್ಟು ನಾದುತ್ತಿರುವಾಗಲೇ ನಾಲಗೆಗೆ ಬಂದು ಕೂತಿತು. ಒಂದು ಅಕ್ಷರವನ್ನೂ ಅತ್ತಿತ್ತ ತಿದ್ದಬೇಕಾಗಲಿಲ್ಲ. ಅಬ್ಬಾ, ನಾನೂ ಒಬ್ಬ ಕವಿಯೇ ಬಿಡು ಎಂದು ಅವಳಿಗೆ ಹೆಮ್ಮೆಯಾಯಿತು. ಅವತ್ತು ರಾತ್ರಿ ಗಂಡನೊಬ್ಬನ ಮುಂದೆ ಅದನ್ನು ಹಾಡಿದಳು.

*ಮರಳಿನ ಆನಿ ಬಂತಪ್ಪ ಹಿಂಡ್ ಹಿಂಡು*
*ಇರಿದರ ಗಾಯಿಲ್ಲ, ಕಡಿದರ ತುಂಡಿಲ್ಲ*
*ಸರದಾರ ಹೇಳಪ್ಪ, ಮೊಮ್ಮಗನ ದಂಡು*
*ಹರಹರಾ ಯಾತರಲಿ ಕಟ್ಟೀತು ಕಾಲ?*

"ಇದಕ್ಕ ಜವಾಬೇನು?" ಎಂದ ಹುಲಿಗೆಪ್ಪ, ಡಪ್ಪಿನ ಮೇಲೆ ಬೆರಳಾಡಿಸುತ್ತ. "ನೀರು ಹೊಯ್ದು ಕರಗಸ್ಬೇಕೇನು?"

"ಮಳ್ಯಾಗ ಹುಟ್ಟಿದ ಆನಿ, ನೀರಿಗೆ ಕರಗಂಗಿಲ್ಲ. ಕತ್ತಿ ಬಿಟ್ಟು ಕರಿಕಿ ಬೀಜ ಬಿತ್ತಬೇಕು. ಹುಲ್ಲಿನ ಬೇರು ಮರಳು ಹಿಡ್ಕೊಂತಾವ. ಆನಿ ನಿಂತಲ್ಲೇ ಗುಡ್ಡಾಗ್ತದ." ಹೇಳಿ ಅವನ ಮುಖವನ್ನೇ ದಿಟ್ಟಿಸಿದಳು. "ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

"ಎಂಥಾ ಪದಾ ಕಟ್ಟೀದಿ ಸಾಬಮ್ಮ!" ಎಂದ ಅವನು. ಕಣ್ಣಲ್ಲಿ ನಿಜವಾದ ಹಿಗ್ಗಿತ್ತು. ಅವಳು ಅದನ್ನೂ ನಾಟಕವೆಂದೇ ತಿಳಿದಳು.

ಇಮಾಮ್ ಬೀಗೆ ಮಾತ್ರ, ಪದ ಹೇಳದೆ, ಬಲೆಯ ಸುದ್ದಿ ಕಿವಿಯಲ್ಲಿ ಹೇಳಿದಳು. ಇಮಾಮ್ ಬೀ ಹಣೆ ಚಚ್ಚಿಕೊಂಡಳು. "ಯಾ ಅಲ್ಲಾ! ಗಂಡಗ ಗಾಳ ಹಾಕ್ತಾರೇನ್ ಯಾರರ? ಮೀನು ಸಿಕ್ಕರೂ ನಿನಗ ಸುಖ ಇಲ್ಲ, ಸಿಗದಿದ್ರೂ ಇಲ್ಲ. ಬ್ಯಾಡವ್ವ, ಬಿಟ್ಟಬಿಡು."

ಬಿಡುವ ಹಟವೆ ಅದು? ಬಿಡಲಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ಕೆ.ಆರ್. ಪುರದಲ್ಲಿ, ಅರ್ಧ ಎದ್ದಿದ್ದ ಕಟ್ಟಡವೊಂದರ ನೆರಳಿನಲ್ಲಿ ಜನ ಕೂಡಿತು. ಜಾಗದ ಯಜಮಾನ ಮುನಿನಾರಾಯಣಪ್ಪ ಕುರ್ಚಿಯ ಮೇಲೆ ಕೂತಿದ್ದರು. ಜಮಖಾನೆ, ಮೈಕು ಎಲ್ಲ ಅವರದೇ. "ನಿಮ್ ಕಡೆ ಪದ ನಂಗೆ ಅರ್ಧಂಬರ್ಧ ಅರ್ಥ ಆಗುತ್ತೆ ಕಣ್ರಪ್ಪಾ, ಆದ್ರೆ ಕೇಳೋಕ್ ಚೆನ್ನಾಗಿರುತ್ತೆ. ಶುರು ಹಚ್ಕೊಳಿ," ಎಂದರು.

ಮೊದಲು ಗಣಪತಿಯ ಸ್ತುತಿಯಾಯಿತು, ಆಮೇಲೆ ಕುದುರೆಗಳ ಸವಾಲು, ಗುಡ್ಡಗಳ ಸವಾಲು. ಸಾಯಬಣ್ಣ ಮೊಮ್ಮಗನ ಒಕ್ಕಲು ಮಕ್ಕಳನ್ನು ಹೊಗಳಿ ಹಾಡಿದಾಗ ಜನ ಸಿಳ್ಳೆ ಹಾಕಿದರು. ಸಾಬಮ್ಮ ಕಾಮನಬಿಲ್ಲಿನ ಬೇಡರನ್ನು ಎತ್ತಿದಾಗ ಎದ್ದೇ ನಿಂತರು. ಅವಳ ಬೆನ್ನ ಹಿಂದಿನ ಡಪ್ಪು ಅವತ್ತು ಬಲು ಚೆನ್ನಾಗಿ ಮಾತಾಡುತ್ತಿತ್ತು. ಎಲ್ಲಿ ಅವಳಿಗೆ ಉಸಿರು ಬೇಕೋ ಅಲ್ಲಿ ಅದು ತಾನಾಗಿ ತಡೆದು ನಿಲ್ಲುತ್ತಿತ್ತು.

ಆಗ ಅವಳು ಮರಳಿನ ಆನೆಗಳನ್ನು ಬಿಟ್ಟಳು.

ಸಾಯಬಣ್ಣ ಹೋದ ವರ್ಷದಂತೆ ಮೀಸೆ ಸವರಿಕೊಳ್ಳಲಿಲ್ಲ, ಅವಳನ್ನೇ ನೋಡುತ್ತ ನಿಂತ. ಸಾಬಮ್ಮನಿಗೆ ಎದೆ ಹಗುರಾಯಿತು. ಗೊತ್ತಿಲ್ಲ ಇವನಿಗೆ! ನನ್ನ ಗಂಡ ಒಳ್ಳೆಯವನು, ನಾನೇ ಪಾಪಿ ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ ಮುದುಕ ರುಮಾಲಿನ ಸೆರಗಿನಿಂದ ಕಣ್ಣೊರೆಸಿಕೊಂಡು ಕಿವಿಗೆ ಕೈ ಹಚ್ಚಿದ.

*ಕತ್ತಿಯ ಬಿಸಾಕಿ ಕರಿಕಿಯ ಬೀಜವ*
*ಬಿತ್ಯಾವು ಮಕ್ಕಳು ಆನಿಯ ಮೈ ಮ್ಯಾಲ*
*ಸುತ್ತಲೂ ಬೇರಿಳಿದು ಮರಳ ಹಿಡಿದಾವು*
*ಎತ್ತಲಾರದೆ ನಿಂತು ಗುಡ್ಡಾಗಿ ಹೋದಾವ*

ಜನ ಹೋ ಎಂದರು. ಹಾಡಿಗೆ ಹಾಡಿನಲ್ಲೇ ಉತ್ತರ ಕೊಡಬೇಕೆಂಬ ಕಟ್ಟನ್ನೂ ಮರೆತು ಸಾಬಮ್ಮ ಗಂಡನತ್ತ ತಿರುಗಿದಳು. ಎದುರಿಗಿದ್ದ ಮೈಕು ಹಾಗೇ ಇತ್ತು.

"ಮಾರಿದಿ ಅಲಾ ನನ್ನ! ಒಂದ್ ಕಪ್ ಚಹಾಕ್ಕ ಹೆಂಡ್ತಿ ಮಾರಿದಿ! ಈ ಪದ ಹುಟ್ಟಿದ್ದು ನನ್ನ ಬಾಯಾಗ. ಕೇಳಿದ್ದು ನೀ ಒಬ್ಬನ. ಇವಗ ಹ್ಯಾಂಗ ಗೊತ್ತಾತು? ಹೇಳು! ಇಷ್ಟ್ ಮಂದಿ ಮುಂದ ಹೇಳು! ಥೂ ನಿನ್ನ ಜಲ್ಮಕ್ಕಿಷ್ಟು!"

ಅಷ್ಟು ವರ್ಷ ರೀ ಎಂದು ಕರೆದ ಬಾಯಿ ನೀ ಎಂದಿತ್ತು. ಇಮಾಮ್ ಬೀ ಅವಳ ಸೆರಗು ಹಿಡಿದೆಳೆದಳು, ಪ್ರಯೋಜನವಾಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತು ಮೈಕಿನಲ್ಲಿ ಹೋಗಿ ರಸ್ತೆಯಾಚೆಯ ಅಂಗಡಿಯವರಿಗೂ ಕೇಳಿಸಿತ್ತು.

ಹುಲಿಗೆಪ್ಪ ಡಪ್ಪನ್ನು ನಿಧಾನವಾಗಿ ಮಗುಚಿ ನೆಲದ ಮೇಲಿಟ್ಟ. ಡಪ್ಪು ಮಗುಚಿದರೆ ಆ ಮೇಳದ ಹಾಡು ಮುಗಿಯಿತೆಂದೇ ಲೆಕ್ಕ.

"ಸೋತ್ರಾ ಇವ್ರು? ಯಾರ್ ಗೆದ್ದಿದ್ದು?" ಎಂದು ಮುನಿನಾರಾಯಣಪ್ಪ ಪಕ್ಕದವರನ್ನು ಕೇಳಿದರು.

ಸಾಯಬಣ್ಣ ಕಕ್ಕಾಬಿಕ್ಕಿಯಾಗಿ ನಿಂತಿದ್ದ. "ಏನಂದಿ ತಂಗಿ? ನಿನ್ನ ಬಾಯಾಗ ಹುಟ್ಟಿದ್ದಾ? ಅದು ನಿಮ್ಮವ್ವ ಕಟ್ಟಿದ ಪದ ಅಲ್ಲೇನು?"

"ನಮ್ಮವ್ವ?" ಎಂದಳು ಸಾಬಮ್ಮ. ಅವಳು ಇನ್ನೂ ನೆಲದ ಮೇಲೆ ಓಡಾಡುವ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಮುಖ ಕೂಡ ನೆನಪಿಲ್ಲ.

"ನಿಮ್ಮವ್ವ ಬೀಸೋ ಕಲ್ಲಿನ ಮುಂದ ಕುಂತು ಹಾಡ್ತಿದ್ಲು. ನಿನ್ನ ತೊಡಿ ಮ್ಯಾಲ ಹಾಕ್ಕೊಂಡು ಹಾಡ್ತಿದ್ಲು. ನಾ ಹರೇದವ, ನಿಮ್ಮೂರಿಗೆ ಕೂಲಿಗೆ ಬಂದಾಗ ನಿಮ್ಮ ಜಗಲಿ ಮ್ಯಾಲ ಕುಂತು ಕಲಿತೀನಿ. ಮಿಂಚಿನ ಕುದುರಿ ಸವಾಲು, ಹೋದ ವರ್ಷ ನೀ ಕೇಳಿದ್ದು, ಅದೂ ಆಕೀದೇ. ಮಗಳು ಅವ್ವನ ಪದಾ ಎತ್ತಿದ್ಲು ಅಂತ ಈಗ ನನಗ ಕಣ್ಣೀರು ಬಂತವ್ವ. ಇದರ ಮುಂದಿನ ನುಡಿ ಕೇಳು."

ಮುದುಕ ಮೈಕು ಬಿಟ್ಟು, ಸಣ್ಣ ದನಿಯಲ್ಲಿ, ಬೀಸುವ ಕಲ್ಲಿನ ಧಾಟಿಯಲ್ಲಿ ಎತ್ತಿದ.

*ನಿಂತ ಆನಿಯ ಬೆನ್ನಿನ ಹಸುರ ಮೇದಾವ*
*ಸಂತಿಯ ದನವೆಲ್ಲ ಹಾಲ ಕರದಾವ*
*ಇಂತಾ ದಂಡಿಗೆ ಸೋತು ಅಜ್ಜ ನಕ್ಕಾನ...*

ಅವನು ಉಸಿರಿಗೆಂದು ತಡೆದ. ಸಾಬಮ್ಮ ಈ ನುಡಿಯನ್ನು ಕಟ್ಟಿರಲಿಲ್ಲ, ಎಲ್ಲಿಯೂ ಕೇಳಿದ್ದೆಂದು ನೆನಪೂ ಇರಲಿಲ್ಲ. ಆದರೆ ಅವಳ ತುಟಿ ಅವಳನ್ನು ಕೇಳದೆಯೇ ಕೊನೆಯ ಸಾಲು ಹಾಡಿತು.

*ಕಂತೋ ಹೊತ್ತಿಗೆ ಮೊಮ್ಮಗನ ಎತ್ತ್ಯಾನ.*

ಹಾಡಿ, ಬಾಯಿಗೆ ಕೈ ಅಡ್ಡ ಹಿಡಿದು ಅಲ್ಲೇ ಕೂತಳು. ತಾಯಿ ಸಿಕ್ಕಿದ ಸಂತೋಷಕ್ಕೂ ಗಂಡನಿಗೆ ಮಾಡಿದ ಅನ್ಯಾಯಕ್ಕೂ ಸೇರಿ ಒಂದೇ ಅಳು ಬಂತು. ಇಮಾಮ್ ಬೀ ತಾಳ ಕೆಳಗಿಟ್ಟು ಅವಳ ಬೆನ್ನು ಸವರಿದಳು. ಗೆದ್ದವರು ಸೋತವರ ಮಾತು ಯಾರಿಗೂ ಬೇಡವಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಸಾಬಮ್ಮ ಕಣ್ಣೊರೆಸಿಕೊಂಡು ಎದ್ದಳು. ಬೈದದ್ದು ಮೈಕಿನಲ್ಲಿ, ತಪ್ಪು ಒಪ್ಪುವುದೂ ಮೈಕಿನಲ್ಲೇ ಆಗಬೇಕು, ಅಷ್ಟು ನ್ಯಾಯ ಅವಳಿಗೆ ಗೊತ್ತಿತ್ತು. "ತಪ್ಪಾತ್ರೀ ನಂದು," ಎಂದಳು ಎಲ್ಲರಿಗೂ ಕೇಳುವ ಹಾಗೆ. "ನೀವು ಹೇಳಿಲ್ಲ. ಅದು ನಂದೇ ಅಲ್ಲ, ನಮ್ಮವ್ವಂದು. ಡಪ್ಪು ಎತ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಎತ್ರಿ."

ಹುಲಿಗೆಪ್ಪ ಎದ್ದು ಪಂಚೆಯ ಧೂಳು ಝಾಡಿಸಿಕೊಂಡ. ಡಪ್ಪನ್ನು ಮುಟ್ಟಲಿಲ್ಲ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ; ಇದ್ದಿದ್ದರೆ ಅವಳಿಗೆ ಒಂದಿಷ್ಟು ಸಮಾಧಾನವಾಗುತ್ತಿತ್ತು.

"ಆನಿ ನಿಮ್ಮವ್ವಂದು. ಕರಿಕಿ ಬೀಜನೂ ನಿಮ್ಮವ್ವಂದು. ಒಪ್ಪಿದೆ," ಎಂದ. "ನನ್ನ ಮ್ಯಾಲಿನ ಸಂಶೇ? ಅದನ್ನರ ನೀನ ಕಟ್ಟಿದ್ದಲ್ಲೇನು, ಸಾಬಮ್ಮ?"

ಸವಾಲು ಹಾಕಿ ಅವನು ಜವಾಬಿಗೆ ಕಾಯುತ್ತ ನಿಂತ.