ಏನೂ ಕೊಡದ ಇಲಿಗಳು

ಮೊದಲು ಬಾಯಿ, ಆಮೇಲೆ ಬೆನ್ನು, ಆಮೇಲೆ ಬೆರಳು, ಕೊನೆಗೆ ಬಾಲ. ತಟ್ಟೆಯ ಮೇಲಿನ ಇಲಿಮರಿಯನ್ನು ಅಂಬಾದಾಸ ನೋಡುತ್ತಿದ್ದದ್ದು ಇದೇ ಕ್ರಮದಲ್ಲಿ. ಹುಟ್ಟಲು ಎರಡು ದಿನ ಇರುವಾಗಲೇ ತಾಯಿಯ ಹೊಟ್ಟೆ ಕೊಯ್ದು ತೆಗೆದ ಮರಿಗಳು. ಒಂದೊಂದೂ ಹೆಬ್ಬೆರಳಿನ ಮೊದಲ ಗೆಣ್ಣಿನಷ್ಟು, ಬೋಳು, ಗುಲಾಬಿ.

ತಳೇಗಾಂವ ದಾಭಾಡೆಯ ಆ ಸಂಶೋಧನಾ ಸಂಸ್ಥೆಯಲ್ಲಿ ಅವನು ಇಲಿಕೋಣೆಯ ಕೆಲಸಗಾರ. ಆರು ವರ್ಷದಿಂದ ಟೆಂಪರರಿ. ಪಂಜರ ತೊಳೆಯುವುದು, ತಿನ್ನಲು ಹಾಕುವುದು, ನೀರಿನ ಬಾಟ್ಲಿ ತುಂಬುವುದು ಅವನ ಪಾಲಿಗೆ. ಮರಿಗಳನ್ನು ನೋಡಬೇಕಾದವರು ಡಾಕ್ಟರ್ ಪ್ರೇಮಾವತಿ ಹಂಚಿನಾಳ. ಆದರೆ ಅವರು ಬಹಳ ಹಿಂದೆಯೇ ಚಿಮಟವನ್ನು ಅವನ ಕೈಗೆ ಕೊಟ್ಟುಬಿಟ್ಟಿದ್ದರು.

"ನನಗ ಚಾಳೀಸ ಬಂತು, ಹತ್ರದ್ದು ಕಾಣೂದಿಲ್ಲ. ನಿನ್ನ ಕಣ್ಣು ಹದ್ದಿನ ಕಣ್ಣು. ನೀ ನೋಡಿ ಹೇಳು, ನಾ ಬರಕೋತೀನಿ."

ಅವರು ಅಥಣಿ ಕಡೆಯವರು. ಹೊರಗೆ ಎಲ್ಲರೊಡನೆ ಮರಾಠಿ, ಇಂಗ್ಲಿಷು. ಇಲಿಕೋಣೆಯೊಳಗೆ ಅಂಬಾದಾಸನೊಡನೆ ಮಾತ್ರ ಕನ್ನಡ. ಸುರಪುರ ಕಡೆಯಿಂದ ಅಪ್ಪ ಹಣಮಂತ್ರಾಯನ ಹಿಂದೆ ಗೌಂಡಿ ಕೆಲಸಕ್ಕೆಂದು ಪುಣೆಗೆ ಬಂದು, ಸಿಮೆಂಟು ಹೊರುವ ಬದಲು ಇಲಿ ಸಾಕುವ ಕೆಲಸಕ್ಕೆ ಬಿದ್ದವನಿಗೆ ಆ ಕನ್ನಡವೇ ಒಂದು ಮರ್ಯಾದೆಯಾಗಿತ್ತು.

ಮ್ಯಾಡಮ್ ಮಾಡುತ್ತಿದ್ದದ್ದು ಒಂದು ಔಷಧದ ಪರೀಕ್ಷೆ. ಬಸುರಿ ಇಲಿಗಳಿಗೆ ಎಂಟನೆಯ ದಿನದಿಂದ ಹನ್ನೆರಡನೆಯ ದಿನದವರೆಗೆ ಅದನ್ನು ಕುಡಿಸಿದರೆ ಮರಿಗಳು ಊನವಾಗಿ ಬೆಳೆಯುತ್ತಿದ್ದವು. ಅಂಗುಳ ಸೀಳಿರುತ್ತಿತ್ತು, ಬೆರಳು ಕೂಡಿರುತ್ತಿದ್ದವು. ಯಾವ ದಿನ ಎಷ್ಟು ಕೊಟ್ಟರೆ ಯಾವ ಊನ ಎಂಬುದನ್ನು ಅವರು ಲೇಖನವಾಗಿ ಬರೆಯುವವರಿದ್ದರು.

"ಆ ಐದು ದಿನಾನ ಯಾಕ್ರಿ?" ಎಂದು ಅವನು ಒಮ್ಮೆ ಕೇಳಿದ್ದ.

"ನಿಮ್ಮಪ್ಪ ಗೌಂಡಿ ಅಲ್ಲೇನು? ಸ್ಲ್ಯಾಬ್ ಹಾಕೂ ದಿವಸ ಇದ್ದಂಗ. ಅವತ್ತು ತಪ್ಪಿದ್ದು ಆಮ್ಯಾಲ ಎಷ್ಟು ನೀರ್ ಹೊಡದ್ರೂ ಕೂಡೂದಿಲ್ಲ. ಮನಷ್ಯಾರಿಗೆ ಅದು ಎರಡನೇ ತಿಂಗಳು."

"ಮತ್ತ ಈ ಕಂಟ್ರೋಲ್ ಅಂತೀರಲ್ರಿ?"

"ಏನೂ ಕೊಡದ ಇಲಿ. ಕೊಟ್ಟದ್ದಕ್ಕ ಏನಾತಂತ ಗೊತ್ತಾಗಬೇಕಾದ್ರ, ಕೊಡದ್ದು ಹೆಂಗದ ಅಂತ ಗೊತ್ತಿರಬೇಕಲ್ಲ?"

ಈ ಮಾತನ್ನು ಅವನು ಅಕ್ಷರಶಃ ನೆನಪಿಟ್ಟುಕೊಂಡಿದ್ದ. ತಪ್ಪಾದದ್ದು ಅಲ್ಲೇ.

ತೊಂಬತ್ತೆಂಟರ ಮೇ ತಿಂಗಳಲ್ಲಿ ನೀರಿನ ಪೈಪು ಒಡೆದು ದಿನಕ್ಕೆ ಅರ್ಧ ತಾಸು ಮಾತ್ರ ನೀರು ಬರತೊಡಗಿತು. ಇಲಿಗಳಿಗೆ ಕೊಡುತ್ತಿದ್ದ ಡಿಸ್ಟಿಲ್ ನೀರು ಅರ್ಧ ಪಂಜರಕ್ಕಷ್ಟೇ ಸಾಲುತ್ತಿತ್ತು. ಅಂಬಾದಾಸ ಅದನ್ನು ಔಷಧದ ಇಲಿಗಳಿಗೆ ಮೀಸಲಿಟ್ಟ. ಮ್ಯಾಡಮ್ಮರ ಜೀವವೆಲ್ಲ ಅವುಗಳ ಮೇಲೆ. ಉಳಿದವು ಏನೂ ಕೊಡದ ಇಲಿಗಳು, ಯಾವ ನೀರಾದರೇನು? ತನ್ನ ವಸ್ತಿಯ ಕೈಪಂಪಿನಿಂದ ದಿನಾ ಬೆಳಿಗ್ಗೆ ಒಂದು ಕ್ಯಾನು ತುಂಬಿ ಸೈಕಲ್ಲಿಗೆ ಕಟ್ಟಿಕೊಂಡು ತಂದ. ಯಾರಿಗೂ ಹೇಳಲಿಲ್ಲ. ಹೇಳುವಂಥ ವಿಷಯವೆಂದು ಅನ್ನಿಸಿರಲೂ ಇಲ್ಲ.

ವಸ್ತಿಯಲ್ಲಿ ಮೂವತ್ತು ಮನೆ, ಎಲ್ಲ ಸುರಪುರ, ಶಹಾಪುರ ಕಡೆಯವರೇ. ಬಣ್ಣದ ಕಾರ್ಖಾನೆಯೊಂದರ ಹಿಂಗೋಡೆಗೆ ಆತುಕೊಂಡೇ ಪಂಪು. ಎರಡು ವರ್ಷದಿಂದ ಅದರ ನೀರು ಸಿಹಿಯಾಗಿತ್ತು. ನಾಲಗೆಯ ತುದಿಗೆ ತಾಕಿ ಹೋಗುವ, ಸಕ್ಕರೆ ತೊಳೆದ ಪಾತ್ರೆಯಂಥ ಸಿಹಿ. ಅಂಬಾದಾಸನ ತಾಯಿ ಅವ್ವಮ್ಮ ಊರಿಗೆ ಹೋದಾಗಲೆಲ್ಲ ಅದನ್ನೇ ಹೊಗಳುತ್ತಿದ್ದಳು. ಬಸುರಿಯರಿಗೆ ವಾಕರಿಕೆ ಬಂದರೆ ಅದನ್ನೇ ಕುಡಿಸುತ್ತಿದ್ದರು.

ಅವನ ಹೆಂಡತಿ ಶಿವಕಾಂತಾ ಬಸುರಿಯಾಗಿದ್ದಳು. ಮದುವೆಯಾಗಿ ಏಳು ವರ್ಷಕ್ಕೆ, ಮೊದಲ ಸಲ.

ಜೂನಿನ ಮೊದಲ ವಾರ ತಟ್ಟೆಗಳು ಬಂದವು. ಕಂಟ್ರೋಲ್ ಗುಂಪಿನ ಮೊದಲ ಮರಿಯ ಬಾಯಿ ಬಿಡಿಸಿದ ಅಂಬಾದಾಸ, ತಾನು ಬೇರೆ ತಟ್ಟೆ ಎತ್ತಿಕೊಂಡೆನೆಂದು ತಿಳಿದು ಚೀಟಿ ನೋಡಿದ. ಚೀಟಿ ಸರಿಯಾಗಿತ್ತು. ಅಂಗುಳದ ನಡುವೆ ಕರಿಯ ಗೆರೆ. ಮೂರನೆಯ ಮರಿಯ ಬಾಲ ಗಾಳದ ಕೊಕ್ಕೆಯಂತೆ ಸೊಟ್ಟ. ಒಂಬತ್ತರಲ್ಲಿ ನಾಲ್ಕು. ಮುಂದಿನ ತಾಯಿಯ ಮರಿಗಳಲ್ಲಿ ಐದು.

"ಪಂಜರ ಅದಲಬದಲ ಮಾಡೀಯೇನೋ?" ಪ್ರೇಮಾವತಿ ತಾವೇ ಚೀಟಿ ತಿರುವಿ ನೋಡಿದರು.

"ನಮ್ಮವ್ವನ ಆಣಿ, ಇಲ್ರಿ ಮ್ಯಾಡಮ್."

ಅವರು ಎರಡು ದಿನ ಆ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಇಲಿಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತು ಚಹಾ ಕೇಳಿದರು. ಅವನು ಕ್ಯಾನಿನ ನೀರು ಸುರಿದು ಸ್ಟೋವಿನ ಮೇಲೆ ಚಹಾ ಮಾಡಿ ಮುಂದಿಟ್ಟ.

"ಹೋದ ವರ್ಷದ ಕಂಟ್ರೋಲ್ ಇಲಿಗಳ ಅಂಕಿ ಅದಾವಲ್ಲ, ಲೇಖನದಾಗ ಅವನ್ನ ಹಾಕಿ ಮುಗಸೂಣು," ಎಂದರು ಅವರು, ತಮಗೆ ತಾವೇ ಹೇಳಿಕೊಳ್ಳುವಂತೆ. "ಅದೇ ಜಾತಿ ಇಲಿ, ಅದೇ ಖೋಲಿ, ಅದೇ ನೀರು."

ಅಂಬಾದಾಸನ ಕೈಯಲ್ಲಿದ್ದ ಚಹಾದ ಸೋಸಣಿಗೆ ಅಲ್ಲೇ ನಿಂತಿತು.

"ನೀರು ಅದಲ್ರಿ," ಎಂದ.

ಎಲ್ಲವನ್ನೂ ಹೇಳಿದ. ಪೈಪು, ಪಂಪು, ಕ್ಯಾನು. ಪ್ರೇಮಾವತಿ ಬೈಯಲಿಲ್ಲ. ಮೂಲೆಯಲ್ಲಿದ್ದ ಬಿಳಿ ಕ್ಯಾನನ್ನು ನೋಡಿದರು, ಅವನನ್ನು ನೋಡಿದರು.

"ನಿನ್ನ ಹೆಂಡ್ತಿಗೆ ಎಷ್ಟರಾಗ?"

"ಮೂರು ತುಂಬ್ಯಾವ್ರಿ."

ಸ್ಲ್ಯಾಬಿನ ಮಾತು ಇಬ್ಬರಿಗೂ ನೆನಪಿತ್ತು.

"ಇಲಿ ಬ್ಯಾರೆ, ಮನಷ್ಯಾರು ಬ್ಯಾರೆ, ಅಂಬಾದಾಸ."

"ಹಂಗಿದ್ರ ಇಲಿ ಯಾಕ ಕೊಯ್ತೀವ್ರಿ?" ಅವನು ಚುಚ್ಚಲೆಂದು ಕೇಳಿರಲಿಲ್ಲ. ನಿಜವಾಗಿಯೂ ಉತ್ತರ ಬೇಕಿತ್ತು.

ಪ್ರೇಮಾವತಿ ಬಾಗಿಲಿನ ಕಡೆ ನೋಡಿ ದನಿ ತಗ್ಗಿಸಿದರು. "ಈ ನೀರು ಟೆಸ್ಟಿಗೆ ಕಳಿಸಿದ್ರ, ಇದು ಇಲಿ ಬಾಯಿಗೆ ಹೆಂಗ ಬಂತಂತ ಕೇಳ್ತಾರ. ಮೂರು ವರ್ಷದ ಕೆಲಸ ನನ್ನದು ಹೋಗ್ತದ. ನಿನ್ನ ಪರ್ಮನೆಂಟ್ ಕಾಗದ ಡೈರೆಕ್ಟರ್ ಮೇಜಿನ ಮ್ಯಾಲ ಅದ. ಸ್ವಲ್ಪ ವಿಚಾರ ಮಾಡು."

ಅವರು ಎದ್ದು ಹೋದ ಮೇಲೆ ಅವನು ನೋಡಿದ. ಮಾತಿನ ನಡುವೆ ಯಾವಾಗಲೋ ಅವರು ಚಹಾದ ಕಪ್ಪನ್ನು ಮೇಜಿನ ಆಚೆಯ ತುದಿಗೆ ಸರಿಸಿದ್ದರು. ಒಂದು ಗುಟುಕೂ ಕುಡಿದಿರಲಿಲ್ಲ.

ಸಂಜೆ ಸ್ಪಿರಿಟಿನ ಬಾಟ್ಲಿಗಳಲ್ಲಿಟ್ಟಿದ್ದ ಆ ಕಂಟ್ರೋಲ್ ಮರಿಗಳನ್ನು ಹಿತ್ತಲ ಗುಂಡಿಗೆ ಸುರಿದು ಮಣ್ಣೆಳೆದವನು ಅಂಬಾದಾಸನೇ.

ಅಂದಿನಿಂದ ಕ್ಯಾನು ತಿರುಗುಮುರುಗಾಯಿತು. ಪೈಪು ಅಷ್ಟರಲ್ಲಿ ರಿಪೇರಿಯಾಗಿತ್ತು; ಸಂಸ್ಥೆಯ ಡಿಸ್ಟಿಲ್ ನೀರನ್ನು ಅವನು ಮನೆಗೆ ಒಯ್ಯತೊಡಗಿದ.

"ಏನ್ ನೀರಿದು, ಇದಕ್ಕ ಜೀವಾನ ಇಲ್ಲ," ಎಂದು ಶಿವಕಾಂತಾ ಮುಖ ಕಿವುಚಿದಳು.

"ಡಾಕ್ಟರ್ ಮ್ಯಾಡಮ್ ಹೇಳ್ಯಾರ, ಕುಡಿ."

"ಇಲಿ ಕುಡ್ಯೂ ನೀರು ಹೆಂಡ್ತಿಗೆ ತರ್ತಾನ ನನ್ನ ಮಗ," ಎಂದು ಅವ್ವಮ್ಮ ಹೊಸ್ತಿಲಲ್ಲಿ ಕೂತು ಪಕ್ಕದ ಮನೆಯ ದುರ್ಗಾಳಿಗೆ ಕೇಳುವಂತೆ ಕೂಗಿದಳು. "ನಾಳಿಗಿ ಪಂಜರಾನೂ ತರ್ತಾನ ನೋಡು!"

"ನಮ್ಮನ್ಯಾಗಿನಂವ ಗುಟ್ಕಾ ಬಿಟ್ಟು ಏನೂ ತರೂದಿಲ್ಲ, ಅತ್ತಿ. ನಿಮ್ಮ ಸೊಸಿ ಪುಣ್ಯವಂತಿ," ಎಂದಳು ದುರ್ಗಾ. ಇಡೀ ಸಾಲು ನಕ್ಕಿತು. ಅಂಬಾದಾಸನೂ ನಕ್ಕ. ನಗುವಾಗಲೇ ಹೇಳಿಬಿಡಬಹುದಿತ್ತು. ಆದರೆ ಬಾಯಿ ನಗುವುದಕ್ಕಷ್ಟೇ ತೆರೆಯಿತು. ಎರಡು ವಾರದ ಮೇಲೆ ಆ ಕ್ಯಾನಿನ ನೀರಲ್ಲಿ ಅವ್ವಮ್ಮ ಬೇಳೆ ತೊಳೆಯುತ್ತಿದ್ದದ್ದನ್ನು ಕಂಡ. ಶಿವಕಾಂತಾ ಪಂಪಿನ ನೀರನ್ನೇ ಕುಡಿಯುತ್ತಿದ್ದಳು.

ನವೆಂಬರಿನಲ್ಲಿ ಲೇಖನ ಅಚ್ಚಾಗಿ ಬಂತು. ಪ್ರೇಮಾವತಿ ಒಂದು ಪ್ರತಿಯನ್ನು ಅವನಿಗೂ ಕೊಟ್ಟು, ಕೊನೆಯ ಪುಟದ ಒಂದು ಸಾಲಿನ ಕೆಳಗೆ ಉಗುರಿನಿಂದ ಗೀರಿದರು. ಇಲಿಗಳನ್ನು ಜತನದಿಂದ ನೋಡಿಕೊಂಡದ್ದಕ್ಕೆ ಅವನಿಗೆ ಕೃತಜ್ಞತೆ. ಇಂಗ್ಲಿಷಿನಲ್ಲಿ ತನ್ನ ಹೆಸರು ಅಚ್ಚಾದದ್ದನ್ನು ಅವನು ನೋಡಿದ್ದು ಅದೇ ಮೊದಲು. ಆಮೇಲೆ ಕೋಷ್ಟಕದ ಪುಟ ತಿರುವಿದ. ಇಂಗ್ಲಿಷ್ ಓದಲು ಬಾರದಿದ್ದರೂ, ದಿನಾ ಚೀಟಿಗಳ ಮೇಲೆ ಕಂಡ ಪದಗಳೂ ಅಂಕಿಗಳೂ ತಿಳಿಯುತ್ತಿದ್ದವು. ಕಂಟ್ರೋಲಿನ ಸಾಲಿನಲ್ಲಿ, ಅಂಗುಳದ ಮುಂದೆ ಸೊನ್ನೆ. ಬಾಲದ ಮುಂದೆ ಸೊನ್ನೆ. ಅದೇ ವಾರ ಪರ್ಮನೆಂಟ್ ಕಾಗದವೂ ಬಂತು. ಅವ್ವಮ್ಮ ವಸ್ತಿಗೆಲ್ಲ ಪೇಢೆ ಹಂಚಿದಳು. ಪೇಢೆ ತಿಂದ ದುರ್ಗಾ ನಾಚಿಕೊಂಡು ಇನ್ನೊಂದು ಕೇಳಿದಳು. ಅವಳಿಗೂ ಮೂರು ತಿಂಗಳು.

ಡಿಸೆಂಬರಿನ ಮೊದಲ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಶಿವಕಾಂತಾ ಆಸ್ಪತ್ರೆಯಲ್ಲಿ ಗಂಡುಮಗುವನ್ನು ಹೆತ್ತಳು. ಅವ್ವಮ್ಮ ಮಗುವನ್ನು ಸೀರೆಯ ತುಂಡಿನಲ್ಲಿ ಸುತ್ತಿ ಮಗನ ಕೈಗಿಟ್ಟು, "ನಿಮ್ಮಪ್ಪನ ಮೂಗು ನೋಡೋ!" ಎಂದಳು.

ಅಂಬಾದಾಸ ಜೀವನದಲ್ಲಿ ಮೊದಲ ಸಲ ಕ್ರಮ ತಪ್ಪಿಸಿದ. ಬಟ್ಟೆ ಸರಿಸಿ ಕಾಲಿನಿಂದ ಶುರುಮಾಡಿದ. ಕಾಲ್ಬೆರಳು ಹತ್ತು. ಬೆನ್ನಿನ ತುದಿಯ ಎಲುಬಿನ ಮೇಲೆ ಹೆಬ್ಬೆರಳಾಡಿಸಿದ, ನೆಟ್ಟಗಿತ್ತು. ಬೆನ್ನು ಮುಚ್ಚಿತ್ತು. ಕೈಬೆರಳು ಹತ್ತು, ಬೇರೆ ಬೇರೆ. ತುಟಿ ಚೆಂದವಾಗಿತ್ತು, ಎಲ್ಲೂ ಸೀಳಿಲ್ಲ. ಇಷ್ಟಕ್ಕೇ ಬಿಟ್ಟುಬಿಡಬಹುದಿತ್ತು. ಕಿರುಬೆರಳನ್ನು ಮಗುವಿನ ಬಾಯೊಳಗಿಟ್ಟ. ಮಗು ಚೀಪಲು ನೋಡಿತು. ಬೆರಳು ಒಸಡು ದಾಟಿ ಮೇಲಕ್ಕೆ ಹೋಯಿತು. ಅಲ್ಲಿ ತಡೆಯಬೇಕಾದದ್ದು ತಡೆಯಲಿಲ್ಲ.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಮರಾಠಿಯವ. ಟಾರ್ಚು ಹಿಡಿದು ನೋಡಿ, ಹೆದರುವಂಥದ್ದಲ್ಲ, ವರ್ಷ ತುಂಬಿದ ಮೇಲೆ ಆಪರೇಶನ್ ಮಾಡಿ ಹೊಲಿಯುತ್ತಾರೆ, ಅಲ್ಲಿಯವರೆಗೆ ಚಮಚದಲ್ಲಿ ಹಾಲು ಹಾಕಿ ಎಂದ. ಅವ್ವಮ್ಮ ಸೆರಗು ಬಾಯಿಗೊತ್ತಿಕೊಂಡು ಗೋಡೆಗೊರಗಿ ಕೂತುಬಿಟ್ಟಳು. ಡಾಕ್ಟರು ಒಂದು ಫಾರಮ್ಮು ತೆಗೆದು ಶಿವಕಾಂತಾಳನ್ನು ಕೇಳಿದ: ಬಸುರಿಯಾಗಿದ್ದಾಗ ಏನಾದರೂ ಗುಳಿಗೆ, ನಾಟಿ ಔಷಧ, ಹೊಗೆಸೊಪ್ಪು?

"ಏನೂ ಇಲ್ರಿ ಸಾಹೇಬ್ರ," ಎಂದಳು ಅವಳು ಅಳುತ್ತ. "ಏನಂದ್ರ ಏನೂ ತಗೊಂಡಿಲ್ರಿ. ಇವ್ರನ್ನ ಬೇಕಾದ್ರ ಕೇಳ್ರಿ."

ಅಂಬಾದಾಸ ಅವಳ ಮಾತನ್ನು ಮರಾಠಿಗೆ ತಿರುಗಿಸಿ ಹೇಳಬೇಕಿತ್ತು. ಹೇಳುವ ಮೊದಲೇ ಡಾಕ್ಟರಿಗೆ ಅರ್ಥವಾಗಿತ್ತು. ಏನೂ ಇಲ್ಲವೆಂದು ಬರೆಯಲು ಅವನು ಪೆನ್ನಿನ ಮುಚ್ಚಳ ತೆಗೆದು ಮೊನೆಯನ್ನು ಫಾರಮ್ಮಿನ ಖಾಲಿ ಜಾಗದ ಮೇಲೆ ಇಟ್ಟ.

ಬಾಗಿಲಲ್ಲಿ ದುರ್ಗಾ ನಿಂತಿದ್ದಳು. ಬಾಣಂತಿಗೆಂದು ವಸ್ತಿಯಿಂದ ಬಾಟ್ಲಿಯಲ್ಲಿ ನೀರು ತಂದಿದ್ದಳು. ಬಿಸಿಲಲ್ಲಿ ನಡೆದು ಬಂದ ದಣಿವಿಗೆ ತಾನೇ ಮುಚ್ಚಳ ತಿರುವಿ, ಬಾಟ್ಲಿಯನ್ನು ಬಾಯಿಯ ಹತ್ತಿರ ಎತ್ತಿದ್ದಳು.

"ಹಾಗೆ ಬರೆಯಬೇಡಿ, ಡಾಕ್ಟರ್," ಎಂದ ಅಂಬಾದಾಸ ಮರಾಠಿಯಲ್ಲಿ. ಮಗುವನ್ನು ಎದೆಗೆ ಒತ್ತಿಕೊಂಡೇ ಮೂರು ಹೆಜ್ಜೆಯಲ್ಲಿ ಬಾಗಿಲಿಗೆ ಹೋಗಿ ದುರ್ಗಾಳ ಕೈಯಿಂದ ಬಾಟ್ಲಿ ಕಸಿದ. ನೀರು ಅವಳ ಸೀರೆಯ ಮೇಲೆ ಚೆಲ್ಲಿತು.

"ಏ ಅಣ್ಣಾ, ಹುಚ್ಚ ಹಿಡೀತೇನು?"

ಅವನು ತಿರುಗಿ ಬಂದು ಬಾಟ್ಲಿಯನ್ನು ಫಾರಮ್ಮಿನ ಮೇಲೆ, ಪೆನ್ನು ನಿಂತಿದ್ದ ಜಾಗದಲ್ಲೇ ಇಟ್ಟ.

"ಇದನ್ನ ಕೊಟ್ಟೇವ್ರಿ," ಎಂದ. ಈ ಸಲ ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ.